ಕುದುರೆ ಗೊರಸು ಸೀಳಿದೆ, ಯಾವ ಎಣ್ಣೆ ಹಚ್ಚಲಿ?

ಪ್ರಶ್ನೆ: ಮದುವೆ ಮೆರವಣಿಗೆಗೆ ಅಂತ ಒಂದು ಬಿಳಿ ಹೆಣ್ಣು ಕುದುರೆ ಸಾಕಿದ್ದೇವೆ ಸರ್. ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಬೇಸಿಗೆ ಬಂತಂದ್ರೆ ಮುಂಗಾಲಿನ ಗೊರಸು ಒಣಗಿ ಸೀಳು ಬಿಡುತ್ತವೆ. ಒಬ್ಬರು ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ, ಇನ್ನೊಬ್ಬರು ಟ್ರ್ಯಾಕ್ಟರ್‌ನ ಹಳೇ ಆಯಿಲ್ ಹಚ್ಚು ಅಂತಾರೆ. ಆನ್‌ಲೈನಲ್ಲಿ ಹೂಫ್ ಡ್ರೆಸಿಂಗ್ ಅಂತ ಡಬ್ಬಿ ಬರುತ್ತೆ, ರೇಟು ಜಾಸ್ತಿ. ಯಾವುದು ಹಚ್ಚಿದರೆ ಸೀಳು ಕೂಡುತ್ತೆ? ಈಗ ಸೀಸನ್ ಬೇರೆ. ಕುದುರೆ ಕಳಿಸಬಹುದಾ?

ಉತ್ತರ: ಯಾವುದು ಹಚ್ಚಿದರೂ ಸೀಳು ಕೂಡುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಡಬ್ಬಿ ಮಾರುವವರು ಇದನ್ನು ಹೇಳುವುದಿಲ್ಲ.

ಗೊರಸಿನ ಹೊರಗೋಡೆ ನಮ್ಮ ಉಗುರಿನ ಜಾತಿಯದೇ. ಎರಡೂ ಕೆರಾಟಿನ್. ಅದರಲ್ಲಿ ರಕ್ತವೂ ಇಲ್ಲ, ನರವೂ ಇಲ್ಲ. ಸೀಳಿದ ಉಗುರು ಕೂಡುತ್ತದಾ? ಇಲ್ಲ. ಬೆಳೆದು ಮುಂದೆ ಬರುತ್ತದೆ, ನಾವು ಕತ್ತರಿಸುತ್ತೇವೆ. ಗೊರಸೂ ಹಾಗೆಯೇ. ಕಾಲಿನ ಕೂದಲು ಮುಗಿದು ಗೊರಸು ಶುರುವಾಗುವ ಅಂಚು ಇದೆಯಲ್ಲ, ಹೊಸ ಗೊರಸು ಹುಟ್ಟುವುದು ಅಲ್ಲಿ. ಅಲ್ಲಿಂದ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಕೆಳಗಿಳಿಯುತ್ತದೆ. ಮುಂಭಾಗದಲ್ಲಿ ಮೇಲಿನ ಅಂಚಿನಿಂದ ನೆಲ ಮುಟ್ಟಲು 9ರಿಂದ 12 ತಿಂಗಳು ಬೇಕು. ಹಿಮ್ಮಡಿಯ ಕಡೆ ಗೋಡೆ ಗಿಡ್ಡ, ಹಾಗಾಗಿ ಅದು ಬೇಗ ಮುಟ್ಟುತ್ತದೆ. ಅಂದರೆ ಇವತ್ತು ಕಾಣುವ ಸೀಳು ಹೋಗಬೇಕು ಅಂದ್ರೆ ಅದು ಬೆಳೆದು ಕೆಳಗೆ ಬಂದು ಗೊರಸು ಉಜ್ಜುವ ಅರಕ್ಕೆ ಸಿಗಬೇಕು. ಅಷ್ಟರವರೆಗೆ ನಾವು ಮಾಡಬಹುದಾದದ್ದು ಎರಡು. ಸೀಳು ಮೇಲಕ್ಕೆ ಏರದಂತೆ ತಡೆಯುವುದು, ಮೇಲಿಂದ ಬರುವ ಹೊಸ ಗೊರಸು ಗಟ್ಟಿಯಾಗಿ ಬರುವಂತೆ ನೋಡಿಕೊಳ್ಳುವುದು. ಎಣ್ಣೆಗೆ ಇದರಲ್ಲಿ ಸಣ್ಣ ಪಾಲಿದೆ, ಅಷ್ಟೇ.

ಈಗ ಕುದುರೆ ಹತ್ತಿರ ಹೋಗೋಣ. ಕಾಲು ಎತ್ತಿ ಅಡಿಯ ಮಣ್ಣು, ಹೆಂಡಿ ಎಲ್ಲ ಕೆರೆದು ತೆಗೆಯಿರಿ. ಹೊರಗೋಡೆಯನ್ನು ಒದ್ದೆ ಬ್ರಷ್‌ನಿಂದ ಉಜ್ಜಿ ಒರೆಸಿ. ಎರೆ ಮಣ್ಣು ಅಂಟಿಕೊಂಡಿದ್ದರೆ ಸೀಳು ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಅನ್ನುವುದು ತಿಳಿಯುವುದೇ ಇಲ್ಲ. ನೆಲದಿಂದ ಮೇಲಕ್ಕೆ ಹೋಗಿ, ಒಂದೆರಡು ಸೆಂಟಿಮೀಟರ್‌ನಲ್ಲಿ ನಿಂತ ಕೂದಲೆಳೆಯಂಥ ಗೀರುಗಳಾದರೆ ಗಾಬರಿ ಬೇಡ. ಒಣ ಗೊರಸಿನಲ್ಲಿ ಸಾಮಾನ್ಯವಾಗಿ ಕಾಣುವುದು ಇವೇ. ಮೇಲಿನ ಕೂದಲಂಚಿನಿಂದ ಕೆಳಗೆ ಇಳಿದ ಸೀಳು ಬೇರೆ ಲೆಕ್ಕ. ಅಲ್ಲಿ ಗೊರಸು ಹುಟ್ಟುವ ಜಾಗವೇ ಪೆಟ್ಟು ತಿಂದಿರುತ್ತದೆ, ಅದು ಸರಿಹೋಗುವವರೆಗೆ ಹೊಸ ಗೊರಸೂ ಸೀಳಿಕೊಂಡೇ ಬರುತ್ತದೆ. ಅಡ್ಡಕ್ಕೆ ಬಂದ ಸೀಳು ಸಾಮಾನ್ಯವಾಗಿ ಕೆಲವು ತಿಂಗಳ ಹಿಂದೆ ಮೇಲಿನ ಅಂಚಿಗೆ ಬಿದ್ದ ಏಟಿನದು, ಇಲ್ಲವೇ ಒಳಗೆ ಕೀವು ಆಗಿ ಮೇಲೆ ಒಡೆದ ಗುರುತು. ಅದು ತಾನಾಗಿ ಕೆಳಗಿಳಿಯುತ್ತದೆ.

ಸೀಳಿನ ಎರಡೂ ಬದಿಗೆ ಹೆಬ್ಬೆರಳಿಟ್ಟು ಒತ್ತಿ ನೋಡಿ. ಅಂಚುಗಳು ಅಲುಗಾಡಿದರೆ, ಕುದುರೆ ಕಾಲು ಎಳೆದುಕೊಂಡರೆ, ರಕ್ತವೋ ಕೀವೋ ಬಂದರೆ, ಒಂದು ಗೊರಸು ಮಾತ್ರ ಮುಟ್ಟಿದರೆ ಬಿಸಿ ಅನಿಸಿದರೆ, ಎಣ್ಣೆ ಡಬ್ಬಿ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ. ಪಶು ಆಸ್ಪತ್ರೆ ದೂರ ಇದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕುದುರೆಗೆ ಧನುರ್ವಾಯು ಬಲು ಬೇಗ ತಗಲುತ್ತದೆ, ದನಕ್ಕಿಂತ ಎಷ್ಟೋ ಜಾಸ್ತಿ. ಗೊರಸಿನಲ್ಲಿ ಆಳದ ಸೀಳು, ಮೊಳೆ ಚುಚ್ಚಿದ ಗಾಯ ಇದ್ದಾಗ ಟಿಟಿ ಇಂಜೆಕ್ಷನ್ ಆಗಿದೆಯಾ ಅಂತ ಕೇಳದೆ ಇರಬೇಡಿ.

ಅಡಿಯನ್ನೂ ನೋಡಿ. ನಡುವೆ ಮೂರು ಮೂಲೆಯ ಮೆತ್ತನೆ ಭಾಗ ಇರುತ್ತದೆ. ಅದರ ಸಂದಿಯಲ್ಲಿ ಕಪ್ಪು ಲೋಳೆ, ಕೊಳೆತ ವಾಸನೆ ಬಂದರೆ ಅದು ಕೊಳೆ ರೋಗ. ಅದರ ಮೇಲೆ ಜಿಡ್ಡು ಹಚ್ಚಿದರೆ ಗಾಳಿ ಆಡದೆ ಒಳಗೇ ಹೆಚ್ಚುತ್ತದೆ. ಗೋಡೆ ಮತ್ತು ಅಂಗಾಲು ಸೇರುವ ಬಿಳಿ ಗೆರೆಯಲ್ಲಿ ಪುಡಿಪುಡಿಯಾಗಿ ಉದುರುತ್ತಿದ್ದರೂ ಇದೇ ಮಾತು.

ಇನ್ನು ಒಣಗುವುದರ ವಿಷಯ. ರಾಯಚೂರಿನ ಬಿಸಿಲಿಗೆ ಗೊರಸು ಒಡೆಯಿತು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಬಿಸಿಲೊಂದೇ ಕಾರಣ ಆಗಿದ್ದರೆ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳು ರಾಜಸ್ಥಾನ, ಗುಜರಾತಿನ ಒಣ ನೆಲದಲ್ಲಿ ಬಾಳುತ್ತಲೇ ಇರಲಿಲ್ಲ. ವಿಜಯನಗರದ ಅರಸರು ಹಡಗಿನಲ್ಲಿ ತರಿಸಿ ನಮ್ಮ ಈ ತುಂಗಭದ್ರೆ ದಂಡೆಗೆ ತಂದ ಕುದುರೆಗಳೂ ಅರಬ್ಬರ ಒಣ ನಾಡಿನವೇ. ಗೊರಸಿನ ಗೋಡೆಯಲ್ಲಿ ನೀರು ಇರುವುದೇ ಕಡಿಮೆ, ತೂಕದಲ್ಲಿ ಹೆಚ್ಚು ಕಡಿಮೆ ಕಾಲು ಭಾಗ. ಅಡಿಯ ಮೆತ್ತನೆ ಭಾಗದಲ್ಲಿ ಅರ್ಧದಷ್ಟು ಇರುತ್ತದೆ. ಗೋಡೆಗೆ ಬೇಕಾದ ತೇವ ಒಳಗಿನ ರಕ್ತದಿಂದಲೇ ಬರುತ್ತದೆ. ಅದು ಒಣಗಿ ಗಟ್ಟಿಯಾಗಿರುವುದೇ ಚೆಂದ.

ಒಡೆಯುವುದು ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾಗಿ ಮತ್ತೆ ಒಣಗಿದಾಗ. ನಿಮ್ಮ ಕಡೆಯ ದಿನಚರಿ ನೆನೆಸಿಕೊಳ್ಳಿ. ಬೆಳಿಗ್ಗೆ ಎಡದಂಡೆ ಕಾಲುವೆಗೆ ಇಳಿಸಿ ಮೈ ತೊಳೆಸುವುದು. ಆಮೇಲೆ 40 ಡಿಗ್ರಿ ಬಿಸಿಲಲ್ಲಿ ಕಟ್ಟುವುದು. ಸಂಜೆ ಬಿಳಿ ಕಾಲು ಬೆಳ್ಳಗೆ ಕಾಣಲಿ ಅಂತ ಶಾಂಪೂ ಹಾಕಿ ಮತ್ತೆ ತೊಳೆದು, ಕಾದ ಡಾಂಬರು ರಸ್ತೆ ಮೇಲೆ ಮೆರವಣಿಗೆಗೆ ಒಯ್ಯುವುದು. ರಾತ್ರಿ ಉಚ್ಚೆ, ಹೆಂಡಿ ನಿಂತ ನೆಲದಲ್ಲಿ ಕಟ್ಟುವುದು. ಪ್ರತಿ ಸಲ ನೀರು ಹೀರಿ ಗೋಡೆ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಉಚ್ಚೆಯ ಅಮೋನಿಯ ಬೇರೆ ಗೊರಸನ್ನು ತಿನ್ನುತ್ತದೆ. ಶಾಂಪೂ ಗೊರಸಿನ ಮೇಲಿನ ಮೇಣದಂಥ ಪದರದ ಜಿಡ್ಡು ತೆಗೆದುಬಿಡುತ್ತದೆ. ಕಾಲು ತೊಳೆಯಲೇಬೇಕಾದರೆ ದಿನಕ್ಕೆ ಒಂದು ಸಲ ಸಾಕು, ತೊಳೆದ ಮೇಲೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಕಟ್ಟಿ. ಕಟ್ಟುವ ಜಾಗಕ್ಕೆ ನಿತ್ಯ ಒಣ ಭತ್ತದ ಹುಲ್ಲೋ ಮರಳೋ ಹಾಕಿ. ಇದಕ್ಕೆ ದುಡ್ಡೇ ಬೇಡ. ಬರುವ ಗುಣ ಮಾತ್ರ ಯಾವ ಡಬ್ಬಿಗಿಂತಲೂ ಜಾಸ್ತಿ.

ಲಾಳದವರ ವಿಷಯ ಬಿಟ್ಟರೆ ಈ ಉತ್ತರ ಕುಂಟುತ್ತದೆ. ಗೊರಸಿನ ಮುಂಭಾಗ ಉದ್ದ ಬೆಳೆದರೆ ಪ್ರತಿ ಹೆಜ್ಜೆಗೂ ಅದು ಗೋಡೆಯನ್ನು ಹೊರಕ್ಕೆ ಮೀಟುತ್ತದೆ. ಸಣ್ಣ ಗೀರು ದೊಡ್ಡದಾಗುವುದು ಹಾಗೆಯೇ. ಲಾಳ ಸವೆದಿಲ್ಲ ಅಂತ ಮೂರು ನಾಲ್ಕು ತಿಂಗಳು ಹಾಗೇ ಬಿಡುವುದು ನಮ್ಮಲ್ಲಿ ಮಾಮೂಲು. ಲಾಳ ಸವೆಯದಿದ್ದರೂ ಒಳಗೆ ಗೊರಸು ಬೆಳೆಯುತ್ತಿರುತ್ತದೆ. 6ರಿಂದ 8 ವಾರಕ್ಕೊಮ್ಮೆ ಲಾಳ ಬಿಚ್ಚಿಸಿ, ಗೊರಸು ಕೊಯ್ಯಿಸಿ, ಮತ್ತೆ ಕಟ್ಟಿಸಬೇಕು. ಸೀಳು ನೆಲಕ್ಕೆ ಸೇರುವ ಜಾಗದಲ್ಲಿ ಗೋಡೆಯನ್ನು ಅರದಿಂದ ತುಸು ತೆಗೆಸಿ. ಅಷ್ಟು ಜಾಗ ನೆಲಕ್ಕೂ ಲಾಳಕ್ಕೂ ತಾಗಬಾರದು, ಆಗ ಭಾರ ಅದರ ಮೇಲೆ ಬೀಳುವುದಿಲ್ಲ. ಮೊಳೆಯನ್ನು ಸೀಳಿನ ಪಕ್ಕದಲ್ಲೇ ಹೊಡೆಯುವುದು ಬೇಡ ಅನ್ನಿ. ಎತ್ತಿನ ಲಾಳದ ಮೊಳೆ ಉಳಿದಿದೆ ಅಂತ ಕುದುರೆಗೆ ಹೊಡೆಯಲು ಬಂದರೆ ಸುಮ್ನೆ ಇರಬೇಡಿ.

ಇನ್ನೊಂದು. ಕೆಲಸ ಮುಗಿದ ಮೇಲೆ ಗೊರಸಿನ ಹೊರಮೈಗೆಲ್ಲ ಅರ ಎಳೆದು ನುಣುಪು ಮಾಡಿ ಕೊಡುವ ರೂಢಿ ಇದೆ. ನೋಡಲು ಚೆಂದ, ಆದರೆ ಗೊರಸಿಗೆ ಒಳ್ಳೆಯದಲ್ಲ. ಶಾಂಪೂ ಉಳಿಸಿದ ಆ ಮೇಲಿನ ಪದರವನ್ನು ಅರ ಪೂರ್ತಿ ಕಿತ್ತುಹಾಕುತ್ತದೆ. ಕೆಳ ಅಂಚು ದುಂಡಗೆ ಮಾಡಲಿ, ಮೊಳೆ ಮಡಚಿದ ಜಾಗ ಸಮ ಮಾಡಲಿ. ಅದರ ಮೇಲಕ್ಕೆ ಅರ ಹೋಗಬಾರದು.

ಸರಿ, ಈಗ ಡಬ್ಬಿ. ಹೂಫ್ ಡ್ರೆಸಿಂಗ್ ಅಂತ ಬರುವುದರಲ್ಲಿ ಸಾಮಾನ್ಯವಾಗಿ ಇರುವುದು ಕುರಿ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್, ಮೀನೆಣ್ಣೆ, ಜೇನುಮೇಣ, ಕೆಲವದರಲ್ಲಿ ಪೈನ್ ಮರದ ಟಾರ್. ಇವು ಗೊರಸಿಗೆ ಆಹಾರ ಕೊಡುವುದಿಲ್ಲ. ಡಬ್ಬಿ ಮೇಲೆ ‘ಪೋಷಣೆ’ ಅಂತ ಬರೆದಿದ್ದರೂ ಅಷ್ಟೇ, ಸತ್ತ ಗೋಡೆ ಏನನ್ನೂ ಉಣ್ಣುವುದಿಲ್ಲ. ಇವುಗಳ ಕೆಲಸ ತೆಳು ಹೊದಿಕೆ ಆಗುವುದು. ನೀರು ಒಮ್ಮೆಲೇ ಒಳಗೆ ಹೋಗದಂತೆ, ಒಮ್ಮೆಲೇ ಹೊರಗೆ ಆರಿಹೋಗದಂತೆ ತಡೆಯುವುದು. ನಿಮ್ಮ ಕುದುರೆಯ ತೊಂದರೆಯೇ ಒದ್ದೆ ಒಣ, ಒದ್ದೆ ಒಣ. ಹಾಗಾಗಿ ಈ ಹೊದಿಕೆ ನಿಮಗೆ ಉಪಯೋಗಕ್ಕೆ ಬರುತ್ತದೆ.

ಅದಕ್ಕೆ ದುಬಾರಿ ಡಬ್ಬಿಯೇ ಬೇಕಂತಿಲ್ಲ. ಬರೀ ಕೊಬ್ಬರಿ ಎಣ್ಣೆ ಹಚ್ಚಬಹುದು, ಆದರೆ ನಮ್ಮ ಏಪ್ರಿಲ್‌ನಲ್ಲಿ ಅದು ನೀರಿನಷ್ಟು ತೆಳ್ಳಗಾಗಿ ಅರ್ಧ ಗಂಟೆಯಲ್ಲಿ ನೆಲಕ್ಕೆ ಇಳಿದಿರುತ್ತದೆ. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಜೇನುಮೇಣ ಹಾಕಿ. ನೇರ ಬೆಂಕಿಗೆ ಇಡಬೇಡಿ, ದೊಡ್ಡ ಪಾತ್ರೆಯ ಬಿಸಿ ನೀರೊಳಗೆ ಸಣ್ಣ ಪಾತ್ರೆ ಇಟ್ಟು ಕರಗಿಸಿ. ಆರಿದ ಮೇಲೆ ಮುಲಾಮಿನ ಹದಕ್ಕೆ ಬರುತ್ತದೆ. ಬೇಕಾದರೆ ಒಂದು ಚಮಚ ಬೇವಿನ ಎಣ್ಣೆ ಸೇರಿಸಿ. ನೊಣವೂ ಸ್ವಲ್ಪ ದೂರ ಇರುತ್ತವೆ. ಕೊಬ್ಬರಿ ಎಣ್ಣೆ ಬದಲು ಅಗಸಿ ಎಣ್ಣೆ, ಹರಳೆಣ್ಣೆ ಆದರೂ ನಡೆಯುತ್ತದೆ.

ಹಚ್ಚುವುದರಲ್ಲಿ ಇರುವ ಕಟ್ಟುನಿಟ್ಟು ಏನೆಂದರೆ ಗೊರಸು ಸ್ವಚ್ಛ ಇರಬೇಕು, ತೊಳೆದು ಒರೆಸಿದ ಮೇಲೆ ತುಸು ತಂಪು ಇದ್ದಾಗ ಹಚ್ಚಬೇಕು. ಬೆರಳಲ್ಲಿ ಸ್ವಲ್ಪ ತೆಗೆದುಕೊಂಡು ಮೊದಲು ಕೂದಲಂಚಿನ ಸುತ್ತ ಉಜ್ಜಿ, ಒಂದೆರಡು ನಿಮಿಷ. ಅಲ್ಲಿನ ಚರ್ಮ ಒಣಗಿ ಬಿರಿಯದಂತೆ ಇದು ಕಾಯುತ್ತದೆ. ಆಮೇಲೆ ಗೋಡೆಗೆ ಹಳೆ ಬ್ರಷ್‌ನಿಂದ ತೆಳ್ಳಗೆ ಎಳೆಯಿರಿ. ದಪ್ಪ ಹಚ್ಚಿದರೆ ಎರೆ ಮಣ್ಣಿನ ಧೂಳು ಕೂತು ಅರ್ಧ ಇಂಚು ಗಟ್ಟಿ ಪದರ ಆಗುತ್ತದೆ. ಅದನ್ನು ಕೆರೆಯುವುದೇ ಇನ್ನೊಂದು ಕೆಲಸ. ವಾರಕ್ಕೆ ಎರಡು ಮೂರು ಸಲ ಸಾಕು. ದಿನಾ ಮೆತ್ತಿದರೆ ಗೋಡೆ ಮೆತ್ತಗಾಗಿ ಮೊಳೆ ಹಿಡಿತ ಸಡಿಲ ಆಗಬಹುದು. ಭತ್ತದ ಗದ್ದೆಯ ಕೆಸರಿಗೆ ಇಳಿಸುವ ದಿನ ಇದ್ದರೆ ಇಳಿಸುವ ಮೊದಲೇ ಹಚ್ಚಿ.

ಟ್ರ್ಯಾಕ್ಟರ್ ಆಯಿಲ್ ಬೇಡವೇ ಬೇಡ. ಬಳಸಿದ ಆಯಿಲ್‌ನಲ್ಲಿ ಲೋಹದ ಪುಡಿ, ಸುಟ್ಟ ಎಣ್ಣೆಯ ವಿಷ ಎಲ್ಲ ಇರುತ್ತದೆ. ಕೂದಲಂಚಿನ ಚರ್ಮ ಸುಡುತ್ತದೆ, ಕುದುರೆ ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಸೀಮೆಎಣ್ಣೆ, ಟರ್ಪೆಂಟೈನ್, ಬೂಟ್ ಪಾಲಿಶ್ ಕೂಡ ಬೇಡ. ಪೈನ್ ಟಾರ್ ಅಂತ ಓದಿ ರಸ್ತೆಯ ಡಾಂಬರು ಕಾಸಿ ಹಚ್ಚುವವರೂ ಇದ್ದಾರು. ಎರಡಕ್ಕೂ ಬಣ್ಣ ಒಂದೇ, ಸಂಬಂಧ ಏನೂ ಇಲ್ಲ.

ಹೊಸ ಗೊರಸು ಗಟ್ಟಿ ಬರುವುದು ಹೊಟ್ಟೆಯಿಂದ. ಬರೀ ಜೋಳದ ಕಣಕಿ, ಭತ್ತದ ಹುಲ್ಲು, ತೌಡು ತಿನ್ನುವ ಕುದುರೆಯ ಗೊರಸು ಪುಡಿಯಾಗುವುದರಲ್ಲಿ ಆಶ್ಚರ್ಯ ಇಲ್ಲ. ಸಿಂಧನೂರು, ಗಂಗಾವತಿ ಕಡೆ ರೈಸ್ ಮಿಲ್ಲುಗಳು ಜಾಸ್ತಿ, ತೌಡು ಸುಲಭವಾಗಿ ಸಿಗುತ್ತದೆ ಅಂತ ಅದನ್ನೇ ಸುರಿಯುತ್ತಾರೆ. ತೌಡಿನಲ್ಲೂ ಗೋಧಿ ಬೂಸಾದಲ್ಲೂ ರಂಜಕ ಜಾಸ್ತಿ, ಸುಣ್ಣದ ಅಂಶ ಕಡಿಮೆ. ಅದೇ ಮುಖ್ಯ ಆಹಾರ ಆದರೆ ಕುದುರೆಯ ಎಲುಬಿನಿಂದ ಸುಣ್ಣ ಕರಗುತ್ತದೆ. ಕುದುರೆಮಸಾಲೆ ಸೊಪ್ಪು ಬೆಳೆಯಲು ನಿಮಗೆ ಕಾಲುವೆ ನೀರಿದೆ, ಒಂದೆರಡು ಗುಂಟೆ ಹಾಕಿ. ಅದರಲ್ಲಿ ಪ್ರೋಟೀನೂ ಇದೆ, ಸುಣ್ಣವೂ ಇದೆ. ಜೊತೆಗೆ ನೆನೆಸಿದ ಹುರುಳಿ, ಕಡಲೆ, ಸತು ಮತ್ತು ತಾಮ್ರ ಇರುವ ಖನಿಜ ಮಿಶ್ರಣ. ಬಯೋಟಿನ್ ಅನ್ನುವ ವಿಟಮಿನ್ ಕೊಡುವುದೂ ಉಂಟು, 500 ಕೆಜಿ ತೂಗುವ ಕುದುರೆಗೆ ದಿನಕ್ಕೆ 15ರಿಂದ 20 ಮಿಲಿಗ್ರಾಂ. ನಿಮ್ಮದು ಸಣ್ಣ ಕುದುರೆ ಇದ್ದರೆ ತೂಕಕ್ಕೆ ತಕ್ಕಂತೆ ಡಾಕ್ಟರನ್ನು ಕೇಳಿ ಕೊಡಿ. ಆರು ತಿಂಗಳು ಬಿಡದೆ ಕೊಟ್ಟರೇನೇ ಗುಣ ಕಾಣುವುದು. ಒಂದು ಡಬ್ಬಿ ತಿನ್ನಿಸಿ ‘ಏನೂ ಆಗಲಿಲ್ಲ’ ಅಂದರೆ ಅದಕ್ಕೆ ಮಾತ್ರೆ ಏನು ಮಾಡೀತು?

ಗುಣ ಆಗುತ್ತಿದೆಯಾ ಅಂತ ತಿಳಿಯಲು ಒಂದು ದಾರಿ. ಇವತ್ತು ಗೊರಸು ತೊಳೆದು, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಹಿಡಿದು ಫೋಟೋ ತೆಗೆಯಿರಿ. ತಿಂಗಳಿಗೊಂದು ಹೀಗೆ ತೆಗೆದಿಡಿ. ಸೀಳಿನ ಮೇಲ್ತುದಿಗೂ ಕೂದಲಂಚಿಗೂ ನಡುವೆ ಇರುವ ಜಾಗ ಜಾಸ್ತಿ ಆಗುತ್ತಾ ಹೋದರೆ ಎಲ್ಲ ಸರಿ ನಡೆದಿದೆ. ಅಷ್ಟೇ ಇದ್ದರೆ, ಕಡಿಮೆ ಆದರೆ, ಸೀಳು ಮೇಲಕ್ಕೆ ಏರುತ್ತಿದೆ ಅಂತ ಅರ್ಥ. ಫೋಟೋ ಇಲ್ಲದೆ ಕಣ್ಣಂದಾಜಿಗೆ ಇದು ಸಿಗುವುದಿಲ್ಲ.

ಕೊನೆಗೆ, ಸೀಸನ್. ಕೆಳಗಿನ ಸಣ್ಣ ಗೀರುಗಳಷ್ಟೇ ಇದ್ದು, ಕುಂಟದೆ, ಲಾಳ ಸರಿಯಾಗಿ ಕೂತಿದ್ದರೆ ಕಳಿಸಬಹುದು. ಹೊತ್ತು ಇಳಿದ ಮೇಲಿನ ಮೆರವಣಿಗೆ ಒಪ್ಪಿಕೊಳ್ಳಿ, ನಡುಮಧ್ಯಾಹ್ನದ್ದು ಬೇಡ. ಡಿಜೆ ಮುಂದೆ ಕುಣಿಸುವುದಕ್ಕೆ ಮಾತ್ರ ಈ ಸಲ ಇಲ್ಲ ಅನ್ನಿ. ಸಿಮೆಂಟ್ ರಸ್ತೆ ಮೇಲೆ ಮುಂಗಾಲು ಎತ್ತಿ ಎತ್ತಿ ಕುಕ್ಕಿದಾಗ ಬೀಳುವ ಪೆಟ್ಟು ನೇರ ಆ ಸೀಳಿಗೇ ಬೀಳುತ್ತದೆ. ‘ಕುಣಿತ ಇಲ್ಲದಿದ್ದರೆ ರೇಟು ಕಡಿಮೆ’ ಅಂತ ಮದುವೆ ಮನೆಯವರು ಅನ್ನುತ್ತಾರೆ. ಅನ್ನಲಿ ಬಿಡಿ, ನಡೆಸಿಕೊಂಡು ಹೋಗುವ ರೇಟು ಹೇಳಿ. ಕೂದಲಂಚಿನಿಂದ ಇಳಿದ ಸೀಳಾಗಿದ್ದರೆ ಅದೂ ಬೇಡ, ಡಾಕ್ಟರು ನೋಡುವವರೆಗೆ ಕುದುರೆ ಮನೆಯಲ್ಲೇ ಇರಲಿ.