ಜಿಶ್ಶಾಕಾ: ಜಪಾನಿನ ಭಯಾನಕ ಮಾಂಗಾ ಲೈವ್-ಆಕ್ಷನ್ ಚಿತ್ರವಾಗುವ ಬಗೆ

ಜಪಾನಿನ ಕಾಮಿಕ್ಸ್ ಆದ ಮಾಂಗಾದ ಕಥೆಯನ್ನು ನಟನಟಿಯರನ್ನಿಟ್ಟುಕೊಂಡು, ಸೆಟ್ಟಿನಲ್ಲೋ ಹೊರಾಂಗಣದಲ್ಲೋ ಚಿತ್ರೀಕರಿಸಿ ತೆರೆಗೆ ತಂದಾಗ ಅದನ್ನು ‘ಲೈವ್-ಆಕ್ಷನ್’ ರೂಪಾಂತರ ಎಂದು ಕರೆಯುವುದು ನಮ್ಮಲ್ಲೂ ರೂಢಿಯಾಗಿದೆ. ಜಪಾನಿನಲ್ಲಿ ಇದಕ್ಕೆ ‘ಜಿಶ್ಶಾಕಾ’ ಎನ್ನುತ್ತಾರೆ. ‘ಜಿಶ್ಶಾ’ ಎಂದರೆ ಕಣ್ಣೆದುರು ಇರುವುದನ್ನು ಕ್ಯಾಮೆರಾದಿಂದ ಸೆರೆಹಿಡಿದದ್ದು. ‘ಕಾ’ ಎಂಬುದು ಕನ್ನಡದ ‘ಕರಣ’ದಂತೆ ಕೆಲಸ ಮಾಡುವ ಪ್ರತ್ಯಯ. ಇದರ ಜೊತೆಗೇ ಕೇಳಿಬರುವ ಇನ್ನೊಂದು ಪದ ‘ಏಗಾಕಾ’, ಅಂದರೆ ಚಲನಚಿತ್ರವಾಗಿಸುವುದು. ಎರಡರ ವ್ಯಾಪ್ತಿ ಬೇರೆ ಬೇರೆ. ಮಾಂಗಾವೊಂದು ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಚಿತ್ರವಾಗಿ ಥಿಯೇಟರಿಗೆ ಬಂದರೂ ಅದು ಏಗಾಕಾ ಆಗುತ್ತದೆ, ಆದರೆ ಜಿಶ್ಶಾಕಾ ಆಗುವುದಿಲ್ಲ. ಅದೇ ಮಾಂಗಾ ನಟರಿರುವ ಟಿವಿ ಧಾರಾವಾಹಿಯಾದರೆ ಅದು ಜಿಶ್ಶಾಕಾ ಆಗುತ್ತದೆ, ಏಗಾಕಾ ಆಗುವುದಿಲ್ಲ. ಮೂಲ ಕೃತಿಗೆ ‘ಗೆನ್‌ಸಾಕು’ ಎಂಬ ಹೆಸರಿದೆ, ಮತ್ತು ಚಿತ್ರದ ಶೀರ್ಷಿಕೆ ಪಟ್ಟಿಯಲ್ಲಿ ಆ ಪದದ ಮುಂದೆ ಮಾಂಗಾಕಾರನ ಹೆಸರು ಕಾಣಿಸುತ್ತದೆ.

ಜಪಾನಿನ ಹೆಸರಾಂತ ಭಯಾನಕ ಚಿತ್ರಗಳೆಲ್ಲ ಮಾಂಗಾದಿಂದ ಹುಟ್ಟಿದವು ಎಂಬ ತಪ್ಪು ತಿಳಿವಳಿಕೆ ಸಾಕಷ್ಟು ಕಡೆ ಇರುವುದರಿಂದ ಒಂದು ಗಡಿಯನ್ನು ಮೊದಲೇ ಗುರುತಿಸಿಕೊಳ್ಳಬೇಕು. 1998ರಲ್ಲಿ ಹಿದೆಓ ನಕಾತ ನಿರ್ದೇಶಿಸಿದ ‘ರಿಂಗು’ ಚಿತ್ರಕ್ಕೆ ಆಧಾರವಾದದ್ದು ಕೋಜಿ ಸುಝುಕಿಯವರ 1991ರ ಕಾದಂಬರಿ. ಅದು ರೂಪಾಂತರವೇ ಹೌದು, ಆದರೆ ಬರಹದಿಂದ ಆದದ್ದು; ಬರೆದ ಚಿತ್ರದಿಂದ ಆದದ್ದಲ್ಲ. ಭಯಾನಕ ಮಾಂಗಾದ ಜಿಶ್ಶಾಕಾ ಎಂದರೇನು ಎಂಬುದು ಈ ವ್ಯತ್ಯಾಸದಲ್ಲೇ ತಿಳಿಯುತ್ತದೆ.

ಕನ್ನಡ ಪ್ರೇಕ್ಷಕರಿಗೆ ‘ಕಾದಂಬರಿ ಆಧಾರಿತ ಚಿತ್ರ’ ಎಂಬ ಮಾತು ದಶಕಗಳಿಂದ ಪರಿಚಿತ. ಕಾದಂಬರಿಯನ್ನು ಓದಿದವರು ನಾಯಕಿಯ ಮುಖವನ್ನು ತಮ್ಮ ತಮ್ಮ ಮನಸ್ಸಿನಲ್ಲಿ ಕಲ್ಪಿಸಿಕೊಂಡಿರುತ್ತಾರೆ. ಒಬ್ಬೊಬ್ಬರ ಕಲ್ಪನೆಯೂ ಬೇರೆ ಇರುವುದರಿಂದ ತೆರೆಯ ಮೇಲೆ ಬಂದ ನಟಿಯ ಮುಖವನ್ನು ಒಪ್ಪಿಕೊಳ್ಳುವ ಅವಕಾಶ ಉಳಿದಿರುತ್ತದೆ. ಮಾಂಗಾದ ಓದುಗರಿಗೆ ಆ ಅವಕಾಶವಿಲ್ಲ. ಅವರು ಆ ಮುಖವನ್ನು, ಆ ಮನೆಯನ್ನು, ಆ ಭೂತವನ್ನು ಆಗಲೇ ಕಂಡಿದ್ದಾರೆ, ಎಲ್ಲರೂ ಒಂದೇ ರೂಪದಲ್ಲಿ ಕಂಡಿದ್ದಾರೆ. ಚಿತ್ರ ಬಿಡುಗಡೆಯಾಗುವ ಮೊದಲೇ ಪ್ರತಿಯೊಬ್ಬ ಓದುಗನ ಕೈಯಲ್ಲೂ ಅದರ ದೃಶ್ಯಗಳು ಇರುತ್ತವೆ. ಪ್ರೇಮಕಥೆಗೂ ಕ್ರೀಡಾಕಥೆಗೂ ಇದು ಸ್ವಲ್ಪ ಮುಜುಗರದ ವಿಷಯವಷ್ಟೆ. ಭಯಾನಕ ಕಥೆಗೆ ಇದರಿಂದ ದೊಡ್ಡ ಪೆಟ್ಟು ಬೀಳುತ್ತದೆ, ಏಕೆಂದರೆ ಮುಂದೆ ಏನು ಕಾಣಿಸಲಿದೆ ಎಂದು ಗೊತ್ತಿಲ್ಲದಿರುವುದೇ ಭಯದ ಬಂಡವಾಳ.

ಇದಕ್ಕಿಂತಲೂ ಆಳವಾದ ತೊಡಕು ಶಾಯಿಯದು, ಮತ್ತು ಇದರ ಬಗ್ಗೆ ಸಾಕಷ್ಟು ಚರ್ಚೆಯಾಗಿಲ್ಲವೆಂದು ನನಗೆ ಅನ್ನಿಸುತ್ತದೆ. ಮಾಂಗಾದ ಪುಟದಲ್ಲಿ ಶಾಲೆಯ ಗೋಡೆ, ಹುಡುಗಿಯ ಸಮವಸ್ತ್ರ, ಆಕಾಶದ ಮೋಡ, ಮೈ ತಿರುಚಿಕೊಂಡ ಶವ ಇವೆಲ್ಲವೂ ಒಂದೇ ಲೇಖನಿಯಿಂದ, ಒಂದೇ ಕಪ್ಪು ಶಾಯಿಯಿಂದ ಮೂಡಿದವು. ನಂಬಬಹುದಾದದ್ದೂ ನಂಬಲಾಗದ್ದೂ ಒಂದೇ ದ್ರವ್ಯದಿಂದ ಆಗಿರುವುದರಿಂದ ಪುಟದೊಳಗೆ ಎರಡೂ ಸಮಾನವಾಗಿ ನಿಜ. ಕ್ಯಾಮೆರಾದ ಮುಂದೆ ಈ ಸಮಾನತೆ ಮುರಿದುಬೀಳುತ್ತದೆ. ಅಲ್ಲಿ ನಟಿ ರಕ್ತಮಾಂಸದವಳು, ಗೋಡೆ ಇಟ್ಟಿಗೆಯದು, ಭೂತವೋ ರಬ್ಬರಿನದು ಅಥವಾ ಕಂಪ್ಯೂಟರಿನದು. ಯಾರೂ ಹೇಳಿಕೊಡದಿದ್ದರೂ ನೋಡುವ ಕಣ್ಣು ಈ ಭೇದವನ್ನು ಕ್ಷಣದಲ್ಲೇ ಹಿಡಿಯುತ್ತದೆ. ನಮ್ಮ ರಸವಿಚಾರದ ಮಾತಿನಲ್ಲಿ ಹೇಳುವುದಾದರೆ, ಪುಟದಲ್ಲಿ ಭಯಾನಕ, ಬೀಭತ್ಸ, ಅದ್ಭುತ ಮೂರೂ ಬೆರೆತು ನಿಂತಿದ್ದದ್ದು ತೆರೆಯ ಮೇಲೆ ಬಿಡಿಬಿಡಿಯಾಗಿ, ಬರೀ ಬೀಭತ್ಸವಾಗಿಯೋ, ಕೆಲವೊಮ್ಮೆ ಯಾರೂ ಬಯಸದ ಹಾಸ್ಯವಾಗಿಯೋ ಇಳಿದುಹೋಗುತ್ತದೆ.

ಮೂರನೆಯದು ಕಾಲದ ವಿಷಯ. ಮಾಂಗಾದ ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಬಲಗಡೆಯ ಪುಟದಿಂದ ಎಡಗಡೆಯ ಪುಟದ ಕೊನೆಯ ಚೌಕದವರೆಗೆ ಅನುಮಾನವನ್ನು ಬೆಳೆಸುತ್ತಾ ಹೋಗಿ, ಹಾಳೆ ತಿರುಗಿಸಿದ ಕೂಡಲೇ ಇಡೀ ಪುಟವನ್ನು ಆಕ್ರಮಿಸಿದ ಒಂದೇ ಚಿತ್ರವನ್ನು ಎದುರಿಗೆ ನಿಲ್ಲಿಸುವುದು ಭಯಾನಕ ಮಾಂಗಾಕಾರರ ಪಳಗಿದ ತಂತ್ರ. ಹಾಳೆಯನ್ನು ತಿರುಗಿಸುವುದು ಓದುಗನ ಸ್ವಂತ ಕೈ. ತಿರುಗಿಸದೆ ತಡೆಯಬಹುದು, ತಿರುಗಿಸಿದ ಮೇಲೆ ಆ ಚಿತ್ರವನ್ನು ಎಷ್ಟು ಹೊತ್ತು ಬೇಕಾದರೂ ದಿಟ್ಟಿಸಬಹುದು. ಸಿನಿಮಾದಲ್ಲಿ ಕಾಲ ನಿರ್ದೇಶಕ ಮತ್ತು ಸಂಕಲನಕಾರರ ವಶದಲ್ಲಿದೆ. ಚಲಿಸದೆ ನಿಂತ ಚಿತ್ರದ ಹಠ ಅಲ್ಲಿ ಇಲ್ಲ. ಅದಕ್ಕೆ ಬದಲಾಗಿ ಸಿನಿಮಾ ಏನನ್ನು ಕೊಡಬಲ್ಲದು ಎಂಬುದನ್ನು ಪ್ರತಿ ಜಿಶ್ಶಾಕಾ ಚಿತ್ರವೂ ತಾನೇ ಹುಡುಕಿಕೊಳ್ಳಬೇಕಾಗುತ್ತದೆ.

ಇಂಥ ಪ್ರಯತ್ನಗಳು ಹೊಸವೇನಲ್ಲ. ಭಯಾನಕ ಮಾಂಗಾದ ಹಿರಿಯ ಕಾಝುಓ ಉಮೆಝು ಅವರ ಕೃತಿಗಳನ್ನು ಆಧರಿಸಿ ದಾಯ್ಏ ಚಿತ್ರನಿರ್ಮಾಣ ಸಂಸ್ಥೆ 1968ರಲ್ಲಿ ಸರ್ಪಕನ್ಯೆಯ ಕಥೆಯೊಂದನ್ನು ಕಪ್ಪುಬಿಳುಪಿನಲ್ಲಿ ತೆರೆಗೆ ತಂದಿತು. ನೊರಿಆಕಿ ಯುಆಸಾ ಅದರ ನಿರ್ದೇಶಕರು. ಇಡೀ ಪ್ರಾಥಮಿಕ ಶಾಲೆಯೊಂದು ಮಕ್ಕಳ ಸಮೇತ ಮಾಯವಾಗಿ ಪಾಳುಬಿದ್ದ ಭವಿಷ್ಯದಲ್ಲಿ ಹೋಗಿ ನಿಲ್ಲುವ, ಉಮೆಝು ಅವರ ‘ಹ್ಯೋರ್ಯೂ ಕ್ಯೋಶಿತ್ಸು’ 1972ರಿಂದ 1974ರವರೆಗೆ ವಾರಪತ್ರಿಕೆಯಲ್ಲಿ ಬಂದು, 1987ರಲ್ಲಿ ನೊಬುಹಿಕೊ ಓಬಯಾಶಿಯವರ ಕೈಯಲ್ಲಿ ಚಿತ್ರವಾಯಿತು. ಓಬಯಾಶಿ ಆ ಶಾಲೆಯನ್ನು ಕೋಬೆ ನಗರದ ಅಂತಾರಾಷ್ಟ್ರೀಯ ಶಾಲೆಯನ್ನಾಗಿ ಬದಲಿಸಿದರು. ಮೂಲದಲ್ಲಿ ಹಸಿವಿನಿಂದ ಕಂಗೆಟ್ಟು ಒಬ್ಬರ ಮೇಲೊಬ್ಬರು ಎರಗುವ ಮಕ್ಕಳ ಕ್ರೌರ್ಯ ಚಿತ್ರದಲ್ಲಿ ಬಹಳ ಮೆದುವಾಯಿತು, ಮತ್ತು ಅದರೊಂದಿಗೆ ಆ ಕಥೆಯ ಬೆನ್ನೆಲುಬೇ ಬಾಗಿತು. ಬದಲಾವಣೆ ಮಾಡಿದ್ದಕ್ಕಾಗಿ ಆ ಚಿತ್ರವನ್ನು ನಾನು ದೂರುವುದಿಲ್ಲ, ಕಥೆಯ ಭಯ ಯಾವುದರಲ್ಲಿತ್ತೋ ಅದನ್ನೇ ಬದಲಿಸಿದ್ದಕ್ಕಾಗಿ ದೂರುತ್ತೇನೆ.

‘ರಿಂಗು’ ಚಿತ್ರದ ಯಶಸ್ಸಿನ ನಂತರ ಭಯಾನಕ ಕಥೆಗಳಿಗೆ ಹಣ ಹೂಡುವವರು ಹೆಚ್ಚಾದರು, ಮತ್ತು ಜುಂಜಿ ಇತೋ ಅವರ ಮಾಂಗಾಗಳು ಒಂದರ ಹಿಂದೊಂದು ತೆರೆಗೆ ಬಂದವು. 1963ರಲ್ಲಿ ಗಿಫು ಪ್ರಾಂತ್ಯದಲ್ಲಿ ಹುಟ್ಟಿದ ಇತೋ ಕೃತಕ ಹಲ್ಲುಗಳನ್ನು ತಯಾರಿಸುವ ದಂತ ತಂತ್ರಜ್ಞರಾಗಿ ಕೆಲಸ ಮಾಡುತ್ತಿದ್ದವರು; 1987ರಲ್ಲಿ ‘ಟೋಮಿಯೆ’ ಕಥೆಯನ್ನು ಉಮೆಝು ಅವರ ಹೆಸರಿನ ಸ್ಪರ್ಧೆಗೆ ಕಳಿಸಿ ಪುರಸ್ಕಾರ ಪಡೆದು ಮಾಂಗಾಲೋಕಕ್ಕೆ ಬಂದರು. ಅವರ ‘ಉಝುಮಾಕಿ’ 1998–99ರಲ್ಲಿ ಶೋಗಾಕುಕಾನ್ ಪ್ರಕಾಶನದ ‘ಬಿಗ್ ಕಾಮಿಕ್ ಸ್ಪಿರಿಟ್ಸ್’ ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ‘ಉಝುಮಾಕಿ’ ಎಂದರೆ ಸುರುಳಿ, ಸುಳಿ. ಕುರೋಝು-ಚೋ ಎಂಬ ಕಾಲ್ಪನಿಕ ಊರನ್ನು ದೆವ್ವವೋ ಕೊಲೆಗಾರನೋ ಕಾಡುವುದಿಲ್ಲ, ಬರಿಯ ಒಂದು ಆಕಾರ ಕಾಡುತ್ತದೆ: ಬಸವನಹುಳುವಿನ ಚಿಪ್ಪಿನಲ್ಲಿ, ಹೊಗೆಯಲ್ಲಿ, ಕೂದಲಿನಲ್ಲಿ, ಕಿವಿಯೊಳಗಿನ ಶಂಖದಲ್ಲಿ ಇರುವ ಸುರುಳಿ.

ಈ ಕೃತಿಯ ಜಿಶ್ಶಾಕಾ 2000ದ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಮ್ಯೂಸಿಕ್ ವಿಡಿಯೊಗಳಿಂದ ಬಂದ ಹಿಗುಚಿನ್‌ಸ್ಕಿ ಎಂಬ ಹೆಸರಿನ ನಿರ್ದೇಶಕರಿಗೆ ಇದು ಮೊದಲ ದೊಡ್ಡ ಚಿತ್ರ. ಕಿರಿಯೆ ಗೋಶಿಮಾ ಎಂಬ ಶಾಲಾ ಹುಡುಗಿಯಾಗಿ ಎರಿಕೊ ಹತ್ಸುನೆ, ಅವಳ ಗೆಳೆಯ ಶುಇಚಿಯ ತಂದೆಯಾಗಿ ರೆನ್ ಓಸುಗಿ ನಟಿಸಿದರು. ಸುಮಾರು ತೊಂಬತ್ತು ನಿಮಿಷದ ಈ ಚಿತ್ರವನ್ನು ನಾಲ್ಕು ಅಧ್ಯಾಯಗಳಾಗಿ ವಿಂಗಡಿಸಲಾಗಿದೆ, ಮತ್ತು ಇಡೀ ಚಿತ್ರಕ್ಕೆ ಪಾಚಿ ಹಿಡಿದ ನೀರಿನಂಥ ಹಸಿರು ಛಾಯೆಯನ್ನು ಬಳಿಯಲಾಗಿದೆ. ಮೇಲ್ನೋಟಕ್ಕೆ ಶೈಲಿಯ ಶೋಕಿಯಂತೆ ಕಾಣುವ ಈ ಹಸಿರು, ನನ್ನ ಓದಿನಲ್ಲಿ, ಶಾಯಿಯ ತೊಡಕಿಗೆ ನಿರ್ದೇಶಕರು ಕಂಡುಕೊಂಡ ಉತ್ತರ. ಮನುಷ್ಯರ ಚರ್ಮ, ಆಕಾಶ, ಶಾಲೆಯ ಕಾರಿಡಾರು, ಕಂಪ್ಯೂಟರಿನಲ್ಲಿ ಸೇರಿಸಿದ ಸುರುಳಿ ಎಲ್ಲವೂ ಒಂದೇ ಬಣ್ಣದಲ್ಲಿ ಅದ್ದಿಹೋದಾಗ, ನಿಜ ಮತ್ತು ಕೃತಕದ ನಡುವಿನ ಗೆರೆ ಮತ್ತೆ ಮಸುಕಾಗುತ್ತದೆ. ಪುಟದ ಮೇಲೆ ಕಪ್ಪು ಶಾಯಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಣ್ಣ ಮಾಡುತ್ತದೆ.

ಹಾಳೆ ತಿರುಗಿಸುವ ತಂತ್ರಕ್ಕೆ ಬದಲಾಗಿ ಹಿಗುಚಿನ್‌ಸ್ಕಿ ಚೌಕಟ್ಟಿನ ಮೂಲೆಗಳನ್ನು ಬಳಸಿಕೊಂಡರು. ಪಾತ್ರಗಳು ಸಾಮಾನ್ಯ ಮಾತುಕತೆಯಲ್ಲಿ ತೊಡಗಿರುವಾಗ ಹಿಂದಿನ ಮೋಡದಲ್ಲಿಯೋ ಗೋಡೆಯ ಮೇಲೆಯೋ ಒಂದು ಚಿಕ್ಕ ಸುರುಳಿ ಸದ್ದಿಲ್ಲದೆ ತಿರುಗಿ ನಿಲ್ಲುತ್ತದೆ. ಯಾವ ಪಾತ್ರವೂ ಅದರತ್ತ ಬೆರಳು ತೋರುವುದಿಲ್ಲ, ಸಂಗೀತವೂ ಎಚ್ಚರಿಸುವುದಿಲ್ಲ. ಒಮ್ಮೆ ಅದನ್ನು ಕಂಡ ಪ್ರೇಕ್ಷಕ ಮುಂದಿನ ಪ್ರತಿ ದೃಶ್ಯದಲ್ಲೂ ಸುರುಳಿಯನ್ನು ಹುಡುಕತೊಡಗುತ್ತಾನೆ, ಅಂದರೆ ಶುಇಚಿಯ ತಂದೆಗೆ ಹಿಡಿದ ಗೀಳೇ ಅವನಿಗೂ ಹಿಡಿಯುತ್ತದೆ. ಮೂಲದ ಚಿತ್ರಗಳನ್ನು ನಕಲು ಮಾಡುವುದರಿಂದ ಇಂಥ ಫಲ ಎಂದೂ ಸಿಗುತ್ತಿರಲಿಲ್ಲ.

ಆ ತಂದೆಯ ಸಾವನ್ನು ಎರಡೂ ಕಡೆ ನೋಡಿದರೆ ರೂಪಾಂತರದ ಅರ್ಥ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಾಂಗಾದಲ್ಲಿ ಅವನು ತನ್ನ ದೇಹವನ್ನೇ ಸುರುಳಿ ಸುತ್ತಿಕೊಂಡು ದುಂಡನೆಯ ಮರದ ತೊಟ್ಟಿಯೊಳಗೆ ಸತ್ತು ಬಿದ್ದಿರುತ್ತಾನೆ. ಕತ್ತಿನಿಂದ ಕಾಲಿನವರೆಗೆ ಒಂದೇ ಸುತ್ತಾಗಿ ಬರೆದ ಆ ಚಿತ್ರವನ್ನು ಮನುಷ್ಯನ ಎಲುಬುಗಳಿಂದ ಮಾಡಿ ತೋರಿಸಲಾಗದು. ಸಿನಿಮಾದಲ್ಲಿ ಅವನು ಬಟ್ಟೆ ಒಗೆಯುವ ಯಂತ್ರದೊಳಕ್ಕೆ ಹೊಕ್ಕು ಸಾಯುತ್ತಾನೆ. ವಾಷಿಂಗ್ ಮೆಷೀನ್ ಪ್ರತಿ ಮನೆಯಲ್ಲೂ ಇರುವಂಥದ್ದು, ಸುತ್ತುವುದೇ ಅದರ ಕೆಲಸ, ಮತ್ತು ಸುತ್ತುವಿಕೆ ಎಂಬುದು ಸಿನಿಮಾ ತೋರಿಸಬಲ್ಲ, ಪುಟ ತೋರಿಸಲಾರದ ಚಲನೆ. ನಿಂತ ಸುರುಳಿಯ ಜಾಗಕ್ಕೆ ಚಲಿಸುವ ಸುರುಳಿ ಬಂತು.

ಕಥೆ ಪತ್ರಿಕೆಯಲ್ಲಿ ಮುಗಿಯುವ ಮುನ್ನವೇ ಚಿತ್ರದ ತಯಾರಿ ನಡೆದಿದ್ದರಿಂದ ಅಂತ್ಯ ಬೇರೆಯಾಗಿದೆ. ಮಾಂಗಾದ ಕೊನೆಯ ಭಾಗದಲ್ಲಿ ಊರಿನ ಅಡಿಯಲ್ಲಿ ಬಯಲಾಗುವ ಪ್ರಾಚೀನ ರಹಸ್ಯ ಇಲ್ಲಿ ಇಲ್ಲ. ಶಾಪದ ಮೂಲವನ್ನು ಹುಡುಕುತ್ತಾ ಹೋದ ಪತ್ರಕರ್ತನೊಬ್ಬ ತಿಳಿದದ್ದನ್ನು ಹೇಳುವ ಮೊದಲೇ ಕಾರು ಅಪಘಾತದಲ್ಲಿ ಸಾಯುತ್ತಾನೆ. ಹಲವು ಓದುಗರಿಗೆ ಇದು ಕಥೆಯನ್ನು ಅರ್ಧಕ್ಕೇ ಬಿಟ್ಟಂತೆ ತೋರಿತು. ಆ ಅಸಮಾಧಾನ ನ್ಯಾಯವಾದದ್ದೇ, ಏಕೆಂದರೆ ಕೊನೆಯ ಅಧ್ಯಾಯ ನಿಜಕ್ಕೂ ಅವಸರದಿಂದ ಮುಗಿಯುತ್ತದೆ. ಆದರೂ ಕಾರಣ ತಿಳಿಯದೆ ಉಳಿಯುವ ಸುರುಳಿಗೆ ಒಂದು ಬೇರೆಯೇ ಬಗೆಯ ಕಾಠಿಣ್ಯವಿದೆ.

‘ಟೋಮಿಯೆ’ಯ ತೊಡಕು ಮುಖದ್ದು. ಎಡಗಣ್ಣಿನ ಕೆಳಗೆ ಮಚ್ಚೆಯಿರುವ, ಕಂಡ ಗಂಡಸರನ್ನೆಲ್ಲ ಹುಚ್ಚರನ್ನಾಗಿಸುವ, ಅವರಿಂದಲೇ ಕೊಲೆಯಾಗಿ ಮತ್ತೆ ಮತ್ತೆ ಹುಟ್ಟಿಬರುವ ಹುಡುಗಿ ಅವಳು. ಲೇಖನಿ ಬಿಡಿಸಿದ ಆ ಸೌಂದರ್ಯಕ್ಕೆ ಯಾವ ನಟಿ ಸರಿಸಮ? ಅತಾರು ಓಇಕಾವಾ ನಿರ್ದೇಶಿಸಿ 1999ರಲ್ಲಿ ತೆರೆಕಂಡ ಮೊದಲ ಚಿತ್ರ ಈ ಪ್ರಶ್ನೆಯನ್ನು ಮುಂದೂಡುವ ಮೂಲಕ ಗೆದ್ದಿತು. ಟೋಮಿಯೆಯಾಗಿ ನಟಿಸಿದ ಮಿಹೊ ಕನ್ನೊ ಅವರ ಮುಖ ಚಿತ್ರದ ಬಹುಭಾಗದಲ್ಲಿ ಕಾಣಿಸುವುದೇ ಇಲ್ಲ. ಕೂದಲು, ಬೆನ್ನು, ದನಿ ಮಾತ್ರ. ಓದುಗನ ನೆನಪಿನಲ್ಲಿರುವ ಮುಖವೇ ಅಷ್ಟು ಹೊತ್ತೂ ಆ ಖಾಲಿ ಜಾಗವನ್ನು ತುಂಬುತ್ತದೆ. 2011ರವರೆಗೆ ಬಂದ ಸರಣಿಯ ಮುಂದಿನ ಚಿತ್ರಗಳಲ್ಲಿ ಟೋಮಿಯೆಯ ಪಾತ್ರಕ್ಕೆ ನಟಿಯರು ಬದಲಾಗುತ್ತಾ ಹೋದರು. ಬೇರೆ ಕಥೆಯಲ್ಲಾದರೆ ಅದು ಕೊರತೆ; ತುಂಡಾದಷ್ಟೂ ಹಲವಾಗಿ ಬೆಳೆಯುವ ಟೋಮಿಯೆಯ ವಿಷಯದಲ್ಲಿ ಅದು ಕಥೆಗೆ ಒಪ್ಪುವ ಸಂಗತಿಯೇ.

ಕಂಪ್ಯೂಟರ್ ಗ್ರಾಫಿಕ್ಸ್ ಪ್ರಬಲವಾದ ಮೇಲೆ ‘ಜಿಶ್ಶಾ’ ಎಂಬ ಪದದ ಅಂಚು ಸ್ವಲ್ಪ ಸಡಿಲವಾಗಿದೆ. ಹಿತೋಶಿ ಇವಾಅಕಿ ಅವರ ‘ಕಿಸೇಜೂ’ ಇದಕ್ಕೆ ಒಳ್ಳೆಯ ನಿದರ್ಶನ. ಇಂಗ್ಲಿಷ್‌ನಲ್ಲಿ ಇದರ ಹೆಸರು ‘ಪ್ಯಾರಾಸೈಟ್’ ಎಂದೇ ಕೇಳಿಸುತ್ತದೆ, ಆದರೆ 2019ರ ಕೊರಿಯನ್ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಶಿನ್‌ಇಚಿ ಎಂಬ ಹುಡುಗನ ಬಲಗೈಯನ್ನು ಪರಜೀವಿಯೊಂದು ವಶಪಡಿಸಿಕೊಂಡು, ಮಿಗಿ ಎಂಬ ಹೆಸರು ಪಡೆದು, ಅವನೊಂದಿಗೆ ಮಾತಾಡುತ್ತಾ ಬದುಕುವ ಕಥೆ ಇದು. ಚಿತ್ರದ ಹಕ್ಕು 2005ರಲ್ಲಿ ಹಾಲಿವುಡ್ಡಿನ ನ್ಯೂ ಲೈನ್ ಸಂಸ್ಥೆಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಉಳಿಯಿತು. ಅದು ಜಪಾನಿಗೆ ಮರಳಿದ ಮೇಲೆ ತಕಾಶಿ ಯಮಝಾಕಿ 2014 ಮತ್ತು 2015ರಲ್ಲಿ ಎರಡು ಭಾಗಗಳಾಗಿ ಚಿತ್ರ ಮಾಡಿದರು. ನಟ ಸದಾಒ ಅಬೆ ಅವರ ಚಲನೆ ಮತ್ತು ದನಿಯನ್ನು ಬಳಸಿ ಮಿಗಿಯನ್ನು ಕಂಪ್ಯೂಟರಿನಲ್ಲಿ ರೂಪಿಸಲಾಯಿತು. ಹತ್ತು ಸಂಪುಟಗಳ ಕಥೆಯನ್ನು ಹಿಡಿಸಲು ಶಿನ್‌ಇಚಿಯ ತಂದೆಯ ಪಾತ್ರವನ್ನು ಕೈಬಿಟ್ಟು ತಾಯಿ-ಮಗನ ಸಂಸಾರವನ್ನಷ್ಟೇ ಉಳಿಸಿಕೊಂಡರು, ಮತ್ತು ಇದರಿಂದ ತಾಯಿಯನ್ನು ಕಳೆದುಕೊಳ್ಳುವ ದೃಶ್ಯಕ್ಕೆ ಮೂಲಕ್ಕಿಂತ ಹೆಚ್ಚಿನ ಭಾರ ಬಂದಿತು. ಮಾತಾಡುವ ಕೈ ಯಾವ ಕ್ಯಾಮೆರಾದ ಮುಂದೆಯೂ ನಿಂತದ್ದಲ್ಲ, ಆದರೂ ಇದನ್ನು ಎಲ್ಲರೂ ಜಿಶ್ಶಾಕಾ ಎಂದೇ ಕರೆಯುತ್ತಾರೆ. ಕಥೆಯ ಮನುಷ್ಯರು ನಟರಾಗಿದ್ದರೆ ಸಾಕು, ಅವರ ಸುತ್ತ ಎಷ್ಟು ಭಾಗ ಗಣಕದಲ್ಲಿ ತಯಾರಾದರೂ ಪದ ಒಪ್ಪಿಕೊಳ್ಳುತ್ತದೆ. ಇದೇ ಯಮಝಾಕಿಯವರ ‘ಗಾಡ್ಜಿಲ್ಲಾ ಮೈನಸ್ ಒನ್’ 2024ರಲ್ಲಿ ದೃಶ್ಯ ಪರಿಣಾಮಕ್ಕಾಗಿ ಆಸ್ಕರ್ ಪಡೆಯಿತು.

ಪದದ ಎದುರು ಬದಿಯನ್ನೂ ನೋಡಬೇಕೆಂದರೆ ಮತ್ತೆ ‘ಉಝುಮಾಕಿ’ಗೇ ಬರಬೇಕು. 2024ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನವರೆಗೆ ಅದು ನಾಲ್ಕು ಕಂತುಗಳ ಅನಿಮೆಯಾಗಿ ಪ್ರಸಾರವಾಯಿತು, ಮತ್ತು ಅದನ್ನು ರೂಪಿಸಿದವರು ಇತೋ ಅವರ ಗೆರೆಗಳಿಗೆ ಆದಷ್ಟು ಹತ್ತಿರವಿರಲು ಬಣ್ಣವನ್ನೇ ಬಿಟ್ಟು ಕಪ್ಪುಬಿಳುಪನ್ನು ಆರಿಸಿಕೊಂಡರು. ಮೊದಲ ಕಂತನ್ನು ಬಹಳ ಜನ ಮೆಚ್ಚಿದರು, ಮುಂದಿನ ಕಂತುಗಳಲ್ಲಿ ಚಿತ್ರಣದ ಗುಣಮಟ್ಟ ಕುಸಿಯಿತೆಂಬ ಟೀಕೆ ಬಂದಿತು. ಅನಿಮೆಗೆ ಮೂಲದ ಗೆರೆಯನ್ನು ಉಳಿಸಿಕೊಳ್ಳುವ ಅವಕಾಶವಿದೆ. ಹಾಗಾಗಿ ಗೆರೆ ಕೆಟ್ಟ ಕಡೆಯಲ್ಲೆಲ್ಲ ಭಯವೂ ಅದರೊಂದಿಗೆ ಕೆಡುತ್ತದೆ. ಹಿಗುಚಿನ್‌ಸ್ಕಿಯವರ ಚಿತ್ರಕ್ಕೆ ಆ ಅವಕಾಶ ಮೊದಲಿನಿಂದಲೂ ಇರಲಿಲ್ಲ. ಆದ್ದರಿಂದ ಎರಡನ್ನೂ ನೋಡುವವರು ಮೊದಲು ಮೂರು ಸಂಪುಟಗಳ ಮಾಂಗಾವನ್ನು ಓದಿಕೊಂಡು, ಆಮೇಲೆ 2000ದ ಚಿತ್ರವನ್ನು ಮುಖ್ಯಪಾತ್ರಗಳ ಮೇಲಿನಿಂದ ಕಣ್ಣು ತೆಗೆದು, ಹಿನ್ನೆಲೆಯನ್ನು ಗಮನಿಸುತ್ತಾ ನೋಡುವುದು ಒಳ್ಳೆಯದು.