ಪದ ಪರಿಚಯ: ಕ್ರೀಡಾ ದೀರ್ಘಾಯುಷ್ಯ

2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ರೋಹನ್ ಬೋಪಣ್ಣ ಅವರಿಗೆ 43 ವರ್ಷ 329 ದಿನ. ಜೊತೆಗಾರ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್, ಎದುರಿಗೆ ಇಟಲಿಯ ಬೊಲೆಲಿ ಮತ್ತು ವವಸ್ಸೋರಿ. ಸ್ಕೋರು 7-6, 7-5. ಮೊದಲ ಸೆಟ್ಟಿನ ಟೈಬ್ರೇಕರ್‌ನಲ್ಲಿ ಇಟಲಿಯ ಜೋಡಿಗೆ ಒಂದೇ ಒಂದು ಪಾಯಿಂಟೂ ದಕ್ಕಲಿಲ್ಲ. ಎರಡು ದಿನ ಬಿಟ್ಟು ಬಂದ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ರ‍್ಯಾಂಕಿಂಗ್ ಪಟ್ಟಿಯಲ್ಲಿ ಕೊಡಗಿನ ಈ ಆಟಗಾರ ಡಬಲ್ಸ್‌ನ ನಂಬರ್ ಒನ್. ಆ ಸ್ಥಾನಕ್ಕೆ ಮೊದಲ ಬಾರಿ ಏರಿದವರಲ್ಲಿ ಇವರಷ್ಟು ವಯಸ್ಸಾದವರು ಯಾರೂ ಇರಲಿಲ್ಲ. ಇದೇ ಬೋಪಣ್ಣ 2013ರಲ್ಲಿ ಮೂರನೇ ಸ್ಥಾನದವರೆಗೆ ಹೋಗಿ ಕೆಳಗಿಳಿದಿದ್ದರು. 33ರಲ್ಲಿ ತಪ್ಪಿದ್ದು 43ರಲ್ಲಿ ಸಿಕ್ಕಿತು.

ಕ್ರೀಡಾ ವಲಯದಲ್ಲಿ ಇದಕ್ಕೆ ‘ಸ್ಪೋರ್ಟಿಂಗ್ ಲಾಂಜೆವಿಟಿ’ ಎನ್ನುತ್ತಾರೆ. ಕನ್ನಡದಲ್ಲಿ ಕ್ರೀಡಾ ದೀರ್ಘಾಯುಷ್ಯ ಎನ್ನೋಣ. ಒಂದು ಆಟದಲ್ಲಿ ಸಾಮಾನ್ಯವಾಗಿ ಎಲ್ಲರೂ ನಿವೃತ್ತರಾಗುವ ವಯಸ್ಸು ದಾಟಿದ ಮೇಲೂ, ವಯಸ್ಸಿನ ರಿಯಾಯಿತಿ ಪಡೆಯದೆ, ಅದೇ ಆಟದ ಮೊದಲ ಸಾಲಿನವರೊಂದಿಗೆ ಸೆಣಸುತ್ತಾ ಗೆಲ್ಲುವ ಸ್ಥಿತಿಯಲ್ಲಿರುವುದು ಎಂಬುದು ಇದರ ಅರ್ಥ. ತಂಡದಲ್ಲಿ ಹೆಸರಿಗೆ ಉಳಿದುಕೊಂಡಿರುವುದು ಇದರಲ್ಲಿ ಸೇರುವುದಿಲ್ಲ. ಹಿರಿಯರಿಗೆಂದೇ ನಡೆಯುವ ಮಾಸ್ಟರ್ಸ್ ಕೂಟಗಳೂ ಬೇರೆ. 2017ರಲ್ಲಿ ಆಕ್ಲೆಂಡ್‌ನ ವಿಶ್ವ ಮಾಸ್ಟರ್ಸ್ ಕೂಟದಲ್ಲಿ 101 ವರ್ಷದ ಮನ್ ಕೌರ್ 100 ಮೀಟರ್ ಓಡಿ ಚಿನ್ನ ಗೆದ್ದದ್ದಕ್ಕೆ ಕೈಮುಗಿಯಬೇಕು. ಆದರೆ ಅಲ್ಲಿ ಅವರ ಪಕ್ಕದ ಲೇನಿನಲ್ಲಿ ಇಪ್ಪತ್ತೈದರ ಓಟಗಾರ್ತಿ ಇರಲಿಲ್ಲ.

ಆಟ ಯಾವುದು ಎಂಬುದನ್ನೂ ನೋಡಬೇಕು. ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರ ಒಲಿಂಪಿಕ್ಸ್‌ನಲ್ಲಿ 72ನೇ ವಯಸ್ಸಿನಲ್ಲಿ ಶೂಟಿಂಗ್‌ನ ತಂಡ ಬೆಳ್ಳಿ ಗೆದ್ದರು. ಅತಿ ಹಿರಿಯ ಒಲಿಂಪಿಕ್ ಪದಕ ವಿಜೇತ ಎಂಬ ದಾಖಲೆ ಇಂದಿಗೂ ಅವರದೇ. ದೊಡ್ಡ ಸಾಧನೆ, ಸರಿ. ಆದರೂ ಗುರಿ ಹಿಡಿಯುವ ಆಟಕ್ಕೂ ಗಾಳಿಯಲ್ಲಿ ಎರಡು ಸುತ್ತು ತಿರುಗಿ ಕಾಲೂರಿ ನಿಲ್ಲುವ ಆಟಕ್ಕೂ ಒಂದೇ ಅಳತೆಗೋಲು ಹಿಡಿದರೆ ಈ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ನನ್ನನ್ನು ಕೇಳಿದರೆ, 46ನೇ ವಯಸ್ಸಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ ವಾಲ್ಟ್ (ಓಡಿಬಂದು ಟೇಬಲ್ ಮೇಲೆ ಕೈಯೂರಿ ನೆಗೆಯುವುದು) ಮಾಡಿದ ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿತಿನಾ ಅವರೇ ಈ ಪದದ ಪಕ್ಕದಲ್ಲಿ ಮೊದಲು ಬರೆಯಬೇಕಾದ ಹೆಸರು.

ವಯಸ್ಸಾದಂತೆ ದೇಹದಲ್ಲಿ ಏನಾಗುತ್ತದೆ ಎಂಬುದು ಗುಟ್ಟೇನಲ್ಲ. ಹೃದಯ ಗರಿಷ್ಠ ಎಷ್ಟು ವೇಗದಲ್ಲಿ ಬಡಿಯಬಲ್ಲದು ಎಂಬ ಮಿತಿ ವರ್ಷವರ್ಷವೂ ತುಸು ಇಳಿಯುತ್ತದೆ. ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ 30ರ ಆಚೆ ದಶಕಕ್ಕೆ ಹೆಚ್ಚುಕಡಿಮೆ ಶೇ 10ರಷ್ಟು ಕುಗ್ಗುತ್ತದೆ. ಕಠಿಣ ತರಬೇತಿ ಬಿಡದವರಲ್ಲಿ ಈ ಕುಸಿತ ಅರ್ಧಕ್ಕೆ ಇಳಿಯಬಹುದು. ಜಿಗಿತಕ್ಕೆ, ಮೊದಲ ಎರಡು ಹೆಜ್ಜೆಯ ಚಿಮ್ಮುವಿಕೆಗೆ ಬೇಕಾದ ವೇಗದ ಸ್ನಾಯುತಂತುಗಳು ಮೊದಲು ಸೊರಗುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಚೇತರಿಕೆ. ಹಿರಿಯ ಆಟಗಾರರನ್ನು ಕೇಳಿ ನೋಡಿ, ಪಂದ್ಯದ ದಿನ ಕಷ್ಟವಾಯಿತು ಎನ್ನುವವರು ಕಡಿಮೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ಕಷ್ಟ ಎನ್ನುವವರೇ ಜಾಸ್ತಿ.

ಹಾಗಿದ್ದರೆ ಕೆಲವರು ಉಳಿಯುವುದು ಹೇಗೆ? ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ‘ಛಲ’, ‘ವಯಸ್ಸು ಬರೀ ಸಂಖ್ಯೆ’. ವಯಸ್ಸು ಬರೀ ಸಂಖ್ಯೆಯಾಗಿದ್ದರೆ ಇಂಥವರ ಬಗ್ಗೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಉಳಿದವರ ಕತೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಕಾಣುವುದೇ ಬೇರೆ. ಅವರೆಲ್ಲ ಏನನ್ನೋ ಬಿಟ್ಟವರು. ಸಾಮಾನ್ಯವಾಗಿ ಯಾರೂ ಒತ್ತಾಯಿಸುವ ಮೊದಲೇ ಬಿಟ್ಟವರು.

ಮನಶ್ಶಾಸ್ತ್ರಜ್ಞ ದಂಪತಿ ಪಾಲ್ ಮತ್ತು ಮಾರ್ಗ್ರೆಟ್ ಬಾಲ್ಟೆಸ್ 1990ರಲ್ಲಿ ಮುಪ್ಪಿನ ಬಗ್ಗೆ ಒಂದು ಸಿದ್ಧಾಂತ ಮಂಡಿಸಿದರು. ಆಯ್ದುಕೊಳ್ಳುವುದು, ಆಯ್ದದ್ದನ್ನು ಹದ ಮಾಡುವುದು, ಕಳೆದುಹೋದದ್ದನ್ನು ಬೇರೆ ದಾರಿಯಿಂದ ತುಂಬಿಕೊಳ್ಳುವುದು ಎಂಬ ಮೂರು ಎಳೆ ಅದರಲ್ಲಿವೆ. ಅವರು ಕೊಡುತ್ತಿದ್ದ ಉದಾಹರಣೆ ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೈನ್. ಇಳಿವಯಸ್ಸಿನಲ್ಲಿ ಅವರು ನುಡಿಸುವ ಕೃತಿಗಳನ್ನು ಕಡಿಮೆ ಮಾಡಿಕೊಂಡರು, ಇಟ್ಟುಕೊಂಡವನ್ನು ಹೆಚ್ಚು ಅಭ್ಯಾಸ ಮಾಡಿದರು, ವೇಗದ ಭಾಗ ಬರುವುದಕ್ಕೆ ಮುಂಚೆ ಬೇಕೆಂದೇ ನಿಧಾನಿಸುತ್ತಿದ್ದರು. ಆ ವ್ಯತ್ಯಾಸದಿಂದಾಗಿ ಮುಂದಿನದು ಹಿಂದಿನಷ್ಟೇ ವೇಗವಾಗಿ ಕೇಳಿಸುತ್ತಿತ್ತು. ಕ್ರೀಡೆಗೆ ಈ ಮೂರನ್ನೂ ಹಾಗೆಯೇ ಹೊಂದಿಸಬಹುದು.

ಬೋಪಣ್ಣ ಅವರನ್ನೇ ನೋಡಿ. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ರ‍್ಯಾಂಕಿಂಗ್ 213, ಅದೂ 2007ರಲ್ಲಿ. ಅಲ್ಲಿ ಉಳಿದಿದ್ದರೆ ಇನ್ನೂರರ ಆಸುಪಾಸಿನಲ್ಲಿ ಕೆಲವು ವರ್ಷ ಒದ್ದಾಡಿ ಮರೆಯಾಗುತ್ತಿದ್ದರೇನೋ. ಡಬಲ್ಸ್‌ನಲ್ಲಿ ಅಂಗಳದ ಅರ್ಧ ಮಾತ್ರ ಕಾಯಬೇಕು, ರ‍್ಯಾಲಿಗಳು ಚಿಕ್ಕವು, ಎತ್ತರದ ಆಟಗಾರನ ಜೋರು ಸರ್ವ್‌ಗೆ ಅಲ್ಲಿ ಬೆಲೆ ಹೆಚ್ಚು. ಟೂರ್ ಪಂದ್ಯಗಳಲ್ಲಿ ಮೂರನೇ ಸೆಟ್ಟಿನ ಬದಲು 10 ಪಾಯಿಂಟ್‌ಗಳ ಟೈಬ್ರೇಕರ್ ಬಂದದ್ದೂ ಹಿರಿಯರ ಕಾಲಿಗೆ ಅನುಕೂಲವೇ ಆಯಿತು. ಇಷ್ಟಾದರೂ ದಾರಿ ಸಲೀಸಾಗಿರಲಿಲ್ಲ. ಮಂಡಿಯ ಕಾರ್ಟಿಲೇಜ್, ಅಂದರೆ ಮೂಳೆಗಳ ತುದಿಯ ಮೆದು ಹೊದಿಕೆ, ಸವೆದುಹೋಗಿತ್ತು. ನೋವಿನ ಮಾತ್ರೆ ನುಂಗಿ ಆಡುತ್ತಿದ್ದ ದಿನಗಳನ್ನು ಅವರೇ ಹೇಳಿಕೊಂಡಿದ್ದಾರೆ. 2021ರಲ್ಲಿ ತಿಂಗಳುಗಟ್ಟಲೆ ಒಂದೂ ಪಂದ್ಯ ಗೆಲ್ಲದೆ, ಇನ್ನು ಸಾಕು ಎಂದು ಹೆಂಡತಿಗೆ ವಿಡಿಯೊ ಸಂದೇಶ ಕಳಿಸಿದ್ದರಂತೆ.

ಕೊರೊನಾ ಕಾಲದಲ್ಲಿ ಅವರು ಹಿಡಿದದ್ದು ಅಯ್ಯಂಗಾರ್ ಯೋಗ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ರೂಪಿಸಿದ ಪದ್ಧತಿ ಇದು. ಇಲ್ಲಿ ಬೆವರು ಕಿತ್ತುಬರುವ ಓಟ-ನೆಗೆತವಿಲ್ಲ. ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ಗೋಡೆಗೆ ಕಟ್ಟಿದ ಹಗ್ಗ. ಇವುಗಳ ಆಸರೆಯಲ್ಲಿ ಒಂದೊಂದು ಆಸನದಲ್ಲಿ ಹೊತ್ತುಹೊತ್ತು ನಿಲ್ಲಿಸುತ್ತಾರೆ. ಮಂಡಿಯ ಮೇಲೆ ಭಾರ ಬೀಳದಂತೆ ತೊಡೆ, ಸೊಂಟದ ಸ್ನಾಯುಗಳು ಕೆಲಸ ಮಾಡುವುದನ್ನು ಕಲಿಯುತ್ತವೆ. ಸವೆದ ಕಾರ್ಟಿಲೇಜ್ ಇದರಿಂದ ಮತ್ತೆ ಬೆಳೆಯುವುದಿಲ್ಲ. ಅದರ ಕೆಲಸವನ್ನು ಸುತ್ತಲಿನ ಸ್ನಾಯುಗಳು ಹಂಚಿಕೊಳ್ಳುತ್ತವೆ, ಅಷ್ಟೆ. ಬಾಲ್ಟೆಸ್ ದಂಪತಿ ಹೇಳಿದ ಮೂರನೇ ಎಳೆ ಇದೇ.

ಬಿಡುವ ವಿಚಾರಕ್ಕೆ ಅಮೆರಿಕದ ಈಜುಗಾರ್ತಿ ಡಾರಾ ಟೊರೆಸ್ ಇನ್ನೂ ಸ್ಪಷ್ಟ ಉದಾಹರಣೆ. 1984ರ ಲಾಸ್ ಏಂಜಲೀಸ್‌ನಲ್ಲಿ ಮೊದಲ ಒಲಿಂಪಿಕ್ಸ್ ಈಜಿದವರು, 2008ರಲ್ಲಿ 41ನೇ ವಯಸ್ಸಿನಲ್ಲಿ, ತಾಯಿಯಾದ ಮೇಲೆ, ಅಮೆರಿಕದ ಆಯ್ಕೆ ಕೂಟದಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡನ್ನೂ ಗೆದ್ದರು. ಗೆದ್ದ ಮೇಲೆ 100 ಮೀಟರಿನ ವೈಯಕ್ತಿಕ ಸ್ಪರ್ಧೆಯನ್ನು ಬಿಟ್ಟುಕೊಟ್ಟರು. ಇಪ್ಪತ್ತರ ಹುಡುಗಿಯಾಗಿದ್ದರೆ ಬಿಡುತ್ತಿದ್ದರೇ? ಬೀಜಿಂಗ್‌ನಲ್ಲಿ 50 ಮೀಟರಿನಲ್ಲಿ ಚಿನ್ನ ತಪ್ಪಿದ್ದು ಸೆಕೆಂಡಿನ ನೂರರ ಒಂದು ಭಾಗದಲ್ಲಿ. ಅದರ ಜೊತೆ ರಿಲೇಗಳಲ್ಲಿ ಇನ್ನೆರಡು ಬೆಳ್ಳಿ.

ಚುಸೊವಿತಿನಾ ಕತೆಯಲ್ಲಿ ಬಿಟ್ಟದ್ದರ ಜೊತೆಗೆ ಬಿಡಲಾಗದ್ದೂ ಇದೆ. 1992ರ ಬಾರ್ಸಿಲೋನಾದಲ್ಲಿ, ಸೋವಿಯತ್ ಒಕ್ಕೂಟ ಒಡೆದ ಮೇಲಿನ ಜಂಟಿ ತಂಡದಲ್ಲಿ ಅವರಿಗೆ ಚಿನ್ನ ಸಿಕ್ಕಿತು. ಹುಡುಗಿಯರು ಇಪ್ಪತ್ತಕ್ಕೆಲ್ಲ ಮೂಲೆ ಸೇರುತ್ತಿದ್ದ ಆಟ ಅದು. ಮುಂದೆ ಮಗನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ ಚಿಕಿತ್ಸೆಗಾಗಿ ಜರ್ಮನಿಯ ಕಲೋನ್‌ಗೆ ಹೋದರು. ಸ್ಪರ್ಧೆಗಳ ಬಹುಮಾನದ ದುಡ್ಡು ಆಸ್ಪತ್ರೆಗೆ ಬೇಕಿತ್ತು. ಮಗ ಗುಣವಾದ. ಅವರು ಮಾತ್ರ ನಿಲ್ಲಿಸಲಿಲ್ಲ. 2008ರಲ್ಲಿ ಜರ್ಮನಿಗಾಗಿ, 33ನೇ ವಯಸ್ಸಿನಲ್ಲಿ, ವಾಲ್ಟ್‌ನಲ್ಲಿ ಬೆಳ್ಳಿ. ಬರಬರುತ್ತಾ ನಾಲ್ಕು ಉಪಕರಣಗಳ ಪೈಕಿ ವಾಲ್ಟ್ ಒಂದೇ ಅವರ ಆಟವಾಯಿತು. ಇಪ್ಪತ್ತೈದು ಮೀಟರ್ ಓಟ, ಸ್ಪ್ರಿಂಗ್‌ಬೋರ್ಡಿನ ಮೇಲೊಂದು ಕುಪ್ಪಳಿಕೆ, ಟೇಬಲ್ ಮೇಲೆ ಅಂಗೈ ಊರಿ ಮೇಲೇಳುವುದು, ಇಳಿಯುವುದು. ಎಲ್ಲ ಸೇರಿ ಕೆಲವೇ ಸೆಕೆಂಡು. ಒಂದೂವರೆ ನಿಮಿಷದ ಫ್ಲೋರ್ ಪ್ರದರ್ಶನದಲ್ಲಿ ಖರ್ಚಾಗುವ ದಮ್ಮು ಇಲ್ಲಿ ಬೇಡ. ಬೇಕಾದದ್ದು ಓಟದ ಲಯ, ಅಂಗೈ ಊರುವ ಕ್ಷಣದ ನಿಖರತೆ. ಅದನ್ನು ಅವರಷ್ಟು ಸಲ ಮಾಡಿದವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ. ಟೋಕಿಯೊ ಅವರ ಎಂಟನೇ ಒಲಿಂಪಿಕ್ಸ್.

ಅನುಭವ ಕಣ್ಣಿಗೂ ಒದಗುತ್ತದೆ. ಟೇಬಲ್ ಟೆನಿಸ್ ಆಟಗಾರ ಶರತ್ ಕಮಲ್ ಕಾಮನ್‌ವೆಲ್ತ್ ಕೂಟದ ಸಿಂಗಲ್ಸ್ ಚಿನ್ನವನ್ನು ಮೊದಲು ಗೆದ್ದದ್ದು 2006ರ ಮೆಲ್ಬರ್ನ್‌ನಲ್ಲಿ, ಮತ್ತೆ ಗೆದ್ದದ್ದು 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ, 40 ತುಂಬಿದ ಮೇಲೆ. ಕಣ್ಣು ಮಿಟುಕಿಸುವಷ್ಟರಲ್ಲಿ ಚೆಂಡು ಬಂದು ಹೋಗುವ ಈ ಆಟದಲ್ಲಿ ಪ್ರತಿಕ್ರಿಯೆಯ ವೇಗ ಇಳಿದವರು ಸೋಲಲೇಬೇಕಲ್ಲ? ಪಳಗಿದ ಆಟಗಾರ ಚೆಂಡನ್ನು ನೋಡಿ ಹೊಡೆಯುವುದಿಲ್ಲ, ಎದುರಾಳಿಯ ಭುಜ, ಮುಂಗೈ, ಬ್ಯಾಟಿನ ಕೋನ ನೋಡಿಯೇ ಚೆಂಡು ಎಲ್ಲಿಗೆ ಬರುತ್ತದೆ ಎಂದು ಮುಂಚೆಯೇ ಊಹಿಸುತ್ತಾನೆ. ಕೈ ತಡವಾದರೂ ಕಣ್ಣು ಮೊದಲೇ ಹೊರಟಿರುತ್ತದೆ.

ದುಡ್ಡಿನ ಮಾತೂ ಆಡಬೇಕು. ಈ ಪದ ಬಳಸುವವರು ಇದನ್ನು ಮರೆಯುವುದೇ ಹೆಚ್ಚು. ಬೋಪಣ್ಣ ಕೋಚ್ ಸ್ಕಾಟ್ ಡೇವಿಡಾಫ್ ಮತ್ತು ಫಿಸಿಯೋ ಇಬ್ಬರ ನೆರವನ್ನೂ ಮೆಲ್ಬರ್ನ್ ಗೆಲುವಿನ ಭಾಷಣದಲ್ಲಿ ನೆನೆದರು. ಅಂಥ ಬಳಗವನ್ನು ಊರಿಂದೂರಿಗೆ ಕರೆದೊಯ್ಯುವುದು ಎಲ್ಲರಿಗೂ ಎಟಕುವಂಥದ್ದಲ್ಲ. ಅದೇ ಮಂಡಿ ನೋವಿಗೆ ಜಿಲ್ಲಾ ಮಟ್ಟದ ಕಬಡ್ಡಿ ಆಟಗಾರ ಇಪ್ಪತ್ತಾರಕ್ಕೇ ಆಟ ಬಿಟ್ಟು ಕೆಲಸ ಹುಡುಕುತ್ತಾನೆ. ಅವನಲ್ಲಿ ಛಲ ಕಡಿಮೆಯಿತ್ತು ಎನ್ನಲು ನಮಗೆ ಯಾವ ಆಧಾರವೂ ಇಲ್ಲ.

ಇನ್ನೊಂದು ತಪ್ಪು ಕಲ್ಪನೆ, ದೀರ್ಘಾಯುಷಿ ಆಟಗಾರ ಮೆಲ್ಲಮೆಲ್ಲಗೆ ಇಳಿಯುತ್ತಾನೆ ಎಂಬುದು. 2011ರಲ್ಲಿ ರಾಹುಲ್ ದ್ರಾವಿಡ್ 38ನೇ ವಯಸ್ಸಿನಲ್ಲಿ ಇಂಗ್ಲೆಂಡ್‌ನಲ್ಲಿ ಮೂರು ಟೆಸ್ಟ್ ಶತಕ ಹೊಡೆದರು. ಉಳಿದವರೆಲ್ಲ ಕೈಚೆಲ್ಲಿದ್ದ ಸರಣಿ ಅದು. ಓವಲ್‌ನಲ್ಲಿ ಆರಂಭಿಕನಾಗಿ ಇಳಿದು 146 ರನ್ನಿಗೆ ಔಟಾಗದೆ ಉಳಿದರು. ಅದೇ ವರ್ಷದ ಕೊನೆಗೆ ಶುರುವಾದ ಆಸ್ಟ್ರೇಲಿಯಾ ಪ್ರವಾಸದಲ್ಲಿ ಬ್ಯಾಟ್ ಮತ್ತು ಪ್ಯಾಡ್ ನಡುವೆ ಚೆಂಡು ನುಸುಳಿ ಪದೇ ಪದೇ ಬೌಲ್ಡ್. ‘ಗೋಡೆ’ ಎಂದು ಕರೆಸಿಕೊಂಡವರು. 2012ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಿವೃತ್ತಿ ಹೇಳಿದರು. ಮಧ್ಯೆ ಕಳೆದದ್ದು ಕೆಲವೇ ತಿಂಗಳು. ವಯಸ್ಸಿನ ಇಳಿಜಾರು ನುಣ್ಣಗಿರುವುದಿಲ್ಲ, ಮೆಟ್ಟಿಲುಮೆಟ್ಟಿಲಾಗಿರುತ್ತದೆ. ಮುಂದಿನ ಮೆಟ್ಟಿಲು ಯಾವಾಗ ಎಂದು ಆಟಗಾರನಿಗೂ ತಿಳಿಯದು.

ಆಯ್ಕೆಗಾರರಿಗೆ ತಲೆನೋವು ಹುಟ್ಟುವುದು ಇಲ್ಲಿಯೇ. ಇಂಗ್ಲೆಂಡಿನ ಜೇಮ್ಸ್ ಆಂಡರ್ಸನ್ 188 ಟೆಸ್ಟ್‌ಗಳಲ್ಲಿ 704 ವಿಕೆಟ್ ಕಿತ್ತವರು. ವೇಗದ ಬೌಲರ್‌ಗಳಲ್ಲಿ ಅಷ್ಟು ಎತ್ತರಕ್ಕೆ ಯಾರೂ ಹೋಗಿಲ್ಲ. ಎಳೆವಯಸ್ಸಿನಲ್ಲಿ ಅವರ ಬೌಲಿಂಗ್ ಶೈಲಿ ತಿದ್ದಲು ಹೋಗಿ, 2006ರಲ್ಲಿ ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಹಳೆಯ ಶೈಲಿಗೇ ಮರಳಿದ ಮೇಲೆ ಉಳಿದುಕೊಂಡರು. 2015ರ ವಿಶ್ವಕಪ್ ನಂತರ ಏಕದಿನ ಪಂದ್ಯಗಳಿಂದ ದೂರವಾಗಿ ಟೆಸ್ಟ್ ಒಂದನ್ನೇ ಇಟ್ಟುಕೊಂಡರು. 2024ರ ಜುಲೈನಲ್ಲಿ, 42 ತುಂಬಲು ಕೆಲವೇ ವಾರವಿದ್ದಾಗ, ಲಾರ್ಡ್ಸ್‌ನಲ್ಲಿ ಕೊನೆಯ ಟೆಸ್ಟ್ ಆಡಿದರು. ಆ ಹೊತ್ತಿಗೂ ಅವರ ಚೆಂಡು ಸ್ವಿಂಗ್ ಆಗುತ್ತಿತ್ತು. ಆಸ್ಟ್ರೇಲಿಯಾ ವಿರುದ್ಧದ ಮುಂದಿನ ಆಷಸ್ ಸರಣಿಗೆ ಹೊಸಬರನ್ನು ತಯಾರು ಮಾಡಬೇಕು ಎಂದು ತೀರ್ಮಾನಿಸಿದ್ದು ತಂಡದ ಆಡಳಿತ.

ಹಾಗೆ ಹೊರಬಂದ ಆಂಡರ್ಸನ್ ಮರುವರ್ಷ ಇಂಗ್ಲೆಂಡಿನ ಕೌಂಟಿ ತಂಡ ಲ್ಯಾಂಕಷೈರ್ ಪರ ಟಿ20 ಆಡಲು ಇಳಿದರು. ಆ ಮಾದರಿಯನ್ನು ಅವರು ಕೊನೆಯ ಸಲ ಆಡಿದ್ದು 2014ರಲ್ಲಿ. ಟೆಸ್ಟಿಗಾಗಿ ಟಿ20 ಬಿಟ್ಟಿದ್ದವರು ಟೆಸ್ಟು ಹೋದ ಮೇಲೆ ಟಿ20 ಹಿಡಿದರು. ದಿನಕ್ಕೆ ಇಪ್ಪತ್ತು ಓವರ್ ಹಾಕಿದ ಭುಜಕ್ಕೆ ನಾಲ್ಕು ಓವರ್ ಯಾವ ಲೆಕ್ಕ!