ಪದ ಪರಿಚಯ: ಅಲರ್ಜಿ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿ ಸುರುವಿದರೆ ಹಮಾಲರು, ದಲಾಲರು, ಹೊಸದಾಗಿ ಬಂದ ಖರೀದಿದಾರರು ಎಲ್ಲರೂ ಸೀನುತ್ತಾರೆ. ‘ನನಗೆ ಮೆಣಸಿನ ಘಾಟು ಅಲರ್ಜಿ’ ಎಂದು ಮೂಗು ಮುಚ್ಚಿಕೊಳ್ಳುವವರೂ ಇದ್ದಾರೆ. ವೈದ್ಯಕೀಯದ ಲೆಕ್ಕದಲ್ಲಿ ಅದು ಅಲರ್ಜಿ ಅನ್ನಿಸಿಕೊಳ್ಳುವುದಿಲ್ಲ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಮೂಗು, ಗಂಟಲುಗಳ ನರತುದಿಗಳನ್ನು ನೇರವಾಗಿ ಕೆರಳಿಸುತ್ತದೆ. ಯಾರಿಗಾದರೂ ಆಗುತ್ತದೆ, ಮೊದಲ ಸಲವೇ ಆಗುತ್ತದೆ.

ಅಲರ್ಜಿ ಕೆಲವರಿಗೆ ಮಾತ್ರ ಬರುತ್ತದೆ, ಅದೂ ಪೂರ್ವಪರಿಚಯದ ಮೇಲೆ. ಬಹುಪಾಲು ಜನರಿಗೆ ಏನೂ ಮಾಡದ ವಸ್ತುವೊಂದನ್ನು ಒಬ್ಬರ ದೇಹದ ರೋಗನಿರೋಧಕ ವ್ಯವಸ್ಥೆ ಅಪಾಯವೆಂದು ಗುರುತು ಹಾಕಿಕೊಂಡು, ಅದು ಮತ್ತೆ ಎದುರಾದಾಗ ಅದರ ಮೇಲೆ ಏರಿ ಹೋಗುವುದಕ್ಕೆ ಅಲರ್ಜಿ ಎನ್ನುತ್ತಾರೆ. ಈ ಹೆಸರು ಕೊಟ್ಟವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ. ಡಿಫ್ತೀರಿಯಾದಂಥ ಕಾಯಿಲೆಗಳಿಗೆ ಆಗ ಕುದುರೆಯ ರಕ್ತದಿಂದ ಬೇರ್ಪಡಿಸಿದ ತಿಳಿದ್ರವ, ಅಂದರೆ ಸೀರಂ, ಚುಚ್ಚುತ್ತಿದ್ದರು. ಎರಡನೆಯ ಸಲ ಚುಚ್ಚಿಸಿಕೊಂಡ ಮಕ್ಕಳಲ್ಲಿ ಜ್ವರ, ದದ್ದುಗಳು ಮೊದಲಿಗಿಂತ ಬೇಗನೆ, ಜೋರಾಗಿ ಏಳುವುದನ್ನು ಪಿರ್ಕೆ ಮತ್ತು ಅವರ ಸಹೋದ್ಯೋಗಿ ಬೇಲಾ ಶಿಕ್ ಗಮನಿಸಿದ್ದರು. ಸಿಡುಬು, ದಡಾರಗಳಿಂದ ನಮ್ಮನ್ನು ಕಾಪಾಡುವ ನೆನಪಿನ ಶಕ್ತಿಯೇ ಇಲ್ಲಿ ಕಾಯಿಲೆ ತರುತ್ತಿತ್ತು.

ಇದರಲ್ಲಿ ತಕ್ಷಣದ ಬಗೆಯೊಂದಿದೆ. ಶೇಂಗಾ ತಿಂದ, ಜೇನುಹುಳು ಕಚ್ಚಿದ ಕೆಲವೇ ನಿಮಿಷಗಳಲ್ಲಿ ಮೈಮೇಲೆ ಗಂಧೆ ಏಳುವುದು, ತುಟಿ ಊದುವುದು, ಉಸಿರು ಕಟ್ಟುವುದು. ವಸ್ತುವಿನ ಗುರುತು ಹಿಡಿಯುವ ಐಜಿಇ ಎಂಬ ಪ್ರತಿಕಾಯಗಳು (ರೋಗನಿರೋಧಕ ಪ್ರೋಟೀನುಗಳು) ಚರ್ಮ, ಉಸಿರುದಾರಿಗಳಲ್ಲಿರುವ ಮಾಸ್ಟ್ ಎಂಬ ರೋಗನಿರೋಧಕ ಕೋಶಗಳ ಮೇಲೆ ಮೊದಲೇ ಕೂತಿರುತ್ತವೆ. ವಸ್ತು ಬಂದು ಅಂಟಿದೊಡನೆ ಕೋಶ ತುರಿಕೆ, ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ತಲೆಸುತ್ತಿ ಬಿದ್ದರೆ ಮನೆಮದ್ದು ಹುಡುಕುತ್ತ ಕೂರಬಾರದು, ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ.

ನಮ್ಮ ಭಾಗದವರು ಹೆಚ್ಚು ತಿಳಿದಿರಬೇಕಾದದ್ದು ನಿಧಾನದ ಬಗೆಯನ್ನು. ಅದಕ್ಕೆ ಕಾಂಗ್ರೆಸ್ ಕಸಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮಳೆ ಬಿದ್ದರೆ ಸಾಕು, ಗದಗ, ಹಾವೇರಿ ಕಡೆಯ ಹೊಲದ ಬದುಗಳಲ್ಲಿ, ಹುಬ್ಬಳ್ಳಿ-ಧಾರವಾಡದ ಖಾಲಿ ನಿವೇಶನಗಳಲ್ಲಿ ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಡುವ ಪಾರ್ಥೇನಿಯಂ. ಅಮೆರಿಕ ಖಂಡದಿಂದ ಬಂದ ಈ ಕಳೆಯನ್ನು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾಯಿತು. ಇದರ ಕಾಂಡ, ಎಲೆಗಳ ಮೇಲಿನ ನವಿರು ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಅದರ ಅಣು ಎಷ್ಟು ಚಿಕ್ಕದೆಂದರೆ ತಾನೊಂದೇ ಬಂದರೆ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುವುದಿಲ್ಲ. ಚರ್ಮದ ಪ್ರೋಟೀನಿಗೆ ಅಂಟಿಕೊಂಡಾಗ ಆ ಪ್ರೋಟೀನ್ ಅಪರಿಚಿತವಾಗಿ ಕಾಣತೊಡಗುತ್ತದೆ. ಚರ್ಮದಲ್ಲಿ ಕಾವಲಿರುವ ಕೋಶಗಳು ಅದನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಅಲ್ಲಿನ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಅವು ಅದರ ಗುರುತು ಇಟ್ಟುಕೊಂಡು, ಮತ್ತೆ ಎದುರಾದಾಗ ಚರ್ಮಕ್ಕೆ ಬಂದು ಅದರ ಮೇಲೆ ಏರಿ ಹೋಗುತ್ತವೆ. ವರ್ಷಗಟ್ಟಲೆ ಬರಿಗೈಯಲ್ಲಿ ಕಸ ಕಿತ್ತರೂ ಏನೂ ಆಗದವರಿಗೆ ಒಂದು ಮುಂಗಾರಿನಲ್ಲಿ ತುರಿಕೆ ಶುರುವಾಗುವುದು ಹೀಗೆ.

ಈ ಪ್ರತಿಕ್ರಿಯೆ ಕಾಣಿಸಿಕೊಳ್ಳಲು ಒಂದೆರಡು ದಿನ ಬೇಕು. ಸೋಮವಾರ ಕಸ ಕಿತ್ತವರಿಗೆ ಬುಧವಾರ ತುರಿಸುತ್ತದೆ. ಅಷ್ಟರಲ್ಲಿ ಮಂಗಳವಾರ ತಿಂದ ಎಣ್ಣೆಗಾಯಿಯ ನೆನಪಾಗಿ, ಬದನೆಕಾಯಿ ನಂಜು ಎಂದು ತೀರ್ಮಾನವಾಗಿರುತ್ತದೆ. ಜಾಗವೂ ದಾರಿ ತಪ್ಪಿಸುತ್ತದೆ: ಕಿತ್ತದ್ದು ಕೈ, ಹೆಚ್ಚಾಗಿ ಉರಿಯುವುದು ಕಣ್ಣಿನ ರೆಪ್ಪೆ, ಕತ್ತಿನ ಮಡಿಕೆ, ಮೊಣಕೈಯ ಒಳಭಾಗ. ಅಂಗೈ ಚರ್ಮ ದಪ್ಪ, ರೆಪ್ಪೆಯದು ತೆಳು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಹಾರಿ ಬಂದು ಬೆವರಿನ ಮಡಿಕೆಗಳಲ್ಲಿ ಕೂರುತ್ತದೆ. ಹೀಗಾಗಿ ಗಿಡವನ್ನು ಮುಟ್ಟದವರಿಗೂ ಇದು ಬರಬಹುದು. ವರ್ಷಾನುಗಟ್ಟಲೆ ತುರಿಸಿ ಚರ್ಮ ಕಪ್ಪಾಗಿ, ದಪ್ಪನೆ ಗೆರೆಬಿದ್ದು ಹೋದವರಿದ್ದಾರೆ. ಇದೇ ಗಿಡದ ಪರಾಗ ಇನ್ನು ಕೆಲವರಲ್ಲಿ ಐಜಿಇ ಬಗೆಯ ಮೂಗಿನ ಅಲರ್ಜಿಯನ್ನೂ ತರುತ್ತದೆ.

ಖಚಿತಪಡಿಸಿಕೊಳ್ಳಲು ಪ್ಯಾಚ್ ಪರೀಕ್ಷೆ ಇದೆ. ಬೆನ್ನಿಗೆ ಶಂಕಿತ ವಸ್ತುಗಳ ಪಟ್ಟಿ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಕ್ಷಯಕ್ಕೆಂದು ಮುಂದೋಳಿಗೆ ಚುಚ್ಚುವ ಮಾಂಟೋ ಪರೀಕ್ಷೆಯನ್ನು 48ರಿಂದ 72 ಗಂಟೆಗಳ ನಂತರ ಓದುವುದಕ್ಕೂ ಇದೇ ಕಾರಣ: ಟಿ-ಕೋಶಗಳು ಬಂದು ಸೇರಲು ಅಷ್ಟು ಹೊತ್ತು ಹಿಡಿಯುತ್ತದೆ. ಇಲ್ಲಿ ಮುಖ್ಯ ಪಾತ್ರ ಹಿಸ್ಟಮಿನ್‌ನದಲ್ಲವಾದ್ದರಿಂದ ಅಲರ್ಜಿ ಮಾತ್ರೆ ಎಂದು ಔಷಧ ಅಂಗಡಿಯಲ್ಲಿ ಕೊಳ್ಳುವ ಆಂಟಿಹಿಸ್ಟಮಿನ್‌ನಿಂದ ಹೆಚ್ಚಿನ ಪ್ರಯೋಜನವಾಗದು.

ನನ್ನನ್ನು ನಿಜವಾಗಿ ಕಾಡುವುದು, ಇಂಥವರಿಗೆ ‘ನಿಮ್ಮಲ್ಲಿ ರೋಗನಿರೋಧಕ ಶಕ್ತಿ ಕಡಿಮೆ’ ಎಂದು ಹೇಳಿ ಟಾನಿಕ್, ಪುಡಿ, ಕಷಾಯ ಮಾರುವುದು. ದುಡಿದ ಕೂಲಿಯನ್ನು ಅದಕ್ಕೆ ಸುರಿಯುತ್ತಾರೆ. ಅವರ ರೋಗನಿರೋಧಕ ವ್ಯವಸ್ಥೆ ಸೋತಿಲ್ಲ, ಬೇಡದ ಕಡೆ ಅತಿಯಾಗಿ ದುಡಿಯುತ್ತಿದೆ. ಚರ್ಮರೋಗ ತಜ್ಞರು ಕೊಡುವ ಸ್ಟಿರಾಯ್ಡ್ ಮುಲಾಮು, ತೀವ್ರವಾದವರಿಗೆ ರಕ್ತ ಪರೀಕ್ಷೆಯ ನಿಗಾದಲ್ಲಿ ಕೊಡುವ ಅಜಾಥಯೋಪ್ರಿನ್, ಇವೆಲ್ಲ ಆ ವ್ಯವಸ್ಥೆಯನ್ನು ತಗ್ಗಿಸುವ ಔಷಧಗಳೇ ಹೊರತು ಹೆಚ್ಚಿಸುವವಲ್ಲ. ಅವುಗಳ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಸ್ಟಿರಾಯ್ಡ್ ಮುಲಾಮನ್ನು ತಾವಾಗಿಯೇ ತಿಂಗಳುಗಟ್ಟಲೆ ಹಚ್ಚಿಕೊಂಡರೆ ಚರ್ಮ ತೆಳುವಾಗುತ್ತದೆ.

ಒಮ್ಮೆ ಪಾರ್ಥೆನಿನ್‌ನ ಗುರುತು ಹಿಡಿದ ಟಿ-ಕೋಶಗಳು ಸಾಮಾನ್ಯವಾಗಿ ಮರೆಯುವುದಿಲ್ಲ. ಆದ್ದರಿಂದ ತುರಿಕೆ ಇರುವವರನ್ನು ಕಸ ಕೀಳುವ ಕೆಲಸಕ್ಕೆ ಕಳಿಸಬಾರದು. ಉಳಿದವರೂ ಹೂ ಬಿಡುವ ಮುಂಚೆ, ಮಣ್ಣು ಹಸಿ ಇರುವಾಗ, ಕೈಗವಸು, ತುಂಬುತೋಳಿನ ಅಂಗಿ ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೇರುಸಹಿತ ಕೀಳಬೇಕು. ಶ್ರಮದಾನದ ಹೆಸರಿನಲ್ಲಿ ಶಾಲೆಯ ಮಕ್ಕಳಿಂದ ಬರಿಗೈಯಲ್ಲಿ ಇದನ್ನು ಕೀಳಿಸುವುದನ್ನಂತೂ ಇಂದೇ ನಿಲ್ಲಿಸಬೇಕು.